ಅಜ್ಜಿಯ ತೂಕ

ಪಕ್ಕದ ಕೋಣೆಯಲ್ಲಿ ಲೋಟವೊಂದು ಉರುಳಿದ ಸದ್ದು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದಕ್ಕೇ ಹೆದರಿ ಅವಳು ಎದ್ದುಹೋದಳು.

ಅಜ್ಜಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಬಟ್ಟೆ ಒದ್ದೆಯಾಗಿತ್ತು.

"ಪೆಟ್ಟಾಯ್ತಾ ಅಜ್ಜಿ?"

"ಇಲ್ಲ, ಜಾರಿ ಕೂತೆ ಅಷ್ಟೆ. ನಿಮ್ಮಪ್ಪನ್ನ ಎಬ್ಬಿಸ್ಬೇಡ. ಇನ್ನೊಂದ್ಸಲ ಬಿದ್ರೆ ವೃದ್ಧಾಶ್ರಮಕ್ಕೆ ಸೇರಿಸ್ತೀನಿ ಅಂದಿದಾನೆ. ನೀನೇ ಎತ್ತು. ಅಷ್ಟೆಲ್ಲ ಎತ್ತಿದೋಳಿಗೆ ಈ ಮೂಳೆಮೂಟೆ ಯಾವ ಲೆಕ್ಕ?"

ಭಾರ ಎತ್ತುವ ಸ್ಪರ್ಧೆಗಳಲ್ಲಿ ದೇಶದ ತಂಡದಲ್ಲಿದ್ದವಳು ಮೊಮ್ಮಗಳು. ಬೆನ್ನಿನ ಆಪರೇಶನ್ ಆದಮೇಲೆ ತುಂಬಿದ ಬಕೆಟ್ಟನ್ನೂ ಎತ್ತಕೂಡದೆಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಮನೆಯಲ್ಲಿ ಯಾರಿಗೂ ಬೇಡದ ಸಾಮಾನಿನಂತೆ ಮೂಲೆ ಹಿಡಿದಿದ್ದಳು.

ಬಗ್ಗಿ ಅಜ್ಜಿಯ ರಟ್ಟೆ ಹಿಡಿದಳು. ಬೆರಳುಗಳು ಹಳೆಯ ಅಭ್ಯಾಸದಿಂದ ಬಿಗಿದವು.

"ಅಯ್ಯೋ, ನಾನು ಕಬ್ಬಿಣ ಅಲ್ಲ ಕಣೇ."

ಕೈ ಸಡಿಲಿಸಿ ಮತ್ತೆ ಎಳೆದಳು. ಸೊಂಟದಲ್ಲಿ ಮಿಂಚು ಹೊಡೆದಂತಾಯಿತು. ಕಾಲು ಸೋತು ಅಜ್ಜಿಯ ಪಕ್ಕದಲ್ಲೇ ಕುಸಿದಳು.

"ಆಗಲ್ಲ ಅಜ್ಜಿ. ಇದೂ ಆಗಲ್ಲ ನನ್ನ ಕೈಲಿ."

ಅವಳ ಅಳು ನಿಲ್ಲುವವರೆಗೆ ಅಜ್ಜಿ ಬೆನ್ನು ಸವರಿದಳು. "ಒಂದು ನಿಜ ಹೇಳ್ಲಾ, ಆನೆಮರಿ? ಟೀವೀಲಿ ನೀನು ಎತ್ತಿದ್ದನ್ನ ನಾನು ಒಂದ್ಸಲಾನೂ ನೋಡಿಲ್ಲ. ಕಣ್ಣು ಮುಚ್ಕೊಂಡ್ಬಿಡ್ತಿದ್ದೆ. ಧಡ್ ಅಂತ ಇಳಿಸಿದ್ದು ಕೇಳಿದ ಮೇಲೇ ನಂಗೆ ಉಸಿರು."

"ಗೆದ್ನಾ ಇಲ್ವಾ ಅಂತ ಕೇಳ್ತಿರ್ಲಿಲ್ವಾ?"

"ಅದು ನಿಮ್ಮಪ್ಪ ಕೇಳ್ತಿದ್ದಿದ್ದು. ಎದ್ದು ನಡೀತಿದಾಳಾ ಅಂತ ಕೇಳ್ತಿದ್ದೆ ನಾನು."

ಇಬ್ಬರೂ ಒದ್ದೆ ನೆಲದ ಮೇಲೆ ಭುಜಕ್ಕೆ ಭುಜ ಕೊಟ್ಟು ಕೂತರು.

ಆಮೇಲೆ ಅವಳು ಒಂದು ಸ್ಟೂಲನ್ನು ನೂಕಿಕೊಂಡು ಬಂದಳು. "ಮಂಡಿ ಮೇಲೆ ತಿರುಗು. ಎರಡೂ ಕೈ ಇದರ ಮೇಲಿಡು. ಒಂದು ಪಾದ ಊರು. ಉಸಿರು ತಗೋ. ಈಗ ನನ್ನ ಕಡೆ ನೋಡ್ಬೇಡ, ನೆಲ ಒತ್ತು."

"ನನ್ನೂ ಪಂದ್ಯಕ್ಕೆ ಕಳಿಸ್ತೀಯೇನೇ?"

ಎರಡು ಸಲ ಆಗಲಿಲ್ಲ. ಮೂರನೆಯ ಸಲ ಅಜ್ಜಿ ನಡುಗುತ್ತಾ ಎದ್ದು ಮಂಚದ ಮೇಲೆ ಕೂತಳು. ಮೊಮ್ಮಗಳ ಕಣ್ಣು ಆಗ ಬಿಗಿಯಾಗಿ ಮುಚ್ಚಿತ್ತು.

ಬೆಳಿಗ್ಗೆ ಅಪ್ಪ ಕೇಳಿದ: "ರಾತ್ರಿ ಏನೋ ಮಾತು ಕೇಳಿಸ್ತಲ್ಲ?"

ಅಜ್ಜಿಯ ರಟ್ಟೆಯ ಮೇಲೆ ನಾಲ್ಕು ಬೆರಳಿನ ಗುರುತುಗಳು ನೀಲಿಗಟ್ಟಿದ್ದವು. ಅಜ್ಜಿ ಮೆಲ್ಲಗೆ ರವಿಕೆಯ ತೋಳು ಕೆಳಗೆಳೆದುಕೊಂಡಳು. ಯಾರಿಗೂ ಹೇಳಬಾರದೆಂದು ಮೊಮ್ಮಗಳು ಆಗಲೇ ನಿಶ್ಚಯಿಸಿಬಿಟ್ಟಳು.

"ನಿದ್ದೆ ಬರ್ಲಿಲ್ಲಪ್ಪ, ಹರಟೆ ಹೊಡೀತಿದ್ವಿ," ಎಂದು, ಅಜ್ಜಿಯ ಹಿಂಡಿದ ಬಟ್ಟೆಯನ್ನು ತಂತಿಯ ಮೇಲೆ ಉಳಿದವುಗಳ ನಡುವೆ ಹರವಿದಳು.