ಕೋಲಿನಲ್ಲಿ ಇಲ್ಲದ ಗುರುತು

ಬಡಗಿಗೆ ಅಳತೆಪಟ್ಟಿಯ ಮೇಲೆ ನಂಬಿಕೆಯಿರಲಿಲ್ಲ. ಅಂಕಿ ಓದುವಾಗ ಕಣ್ಣು ತಪ್ಪುತ್ತದೆ, ಬರೆದುಕೊಳ್ಳುವಾಗ ಕೈ ತಪ್ಪುತ್ತದೆ. ಕೋಲಿನ ಮೇಲೆ ಉಳಿಯಿಂದ ಹಾಕಿದ ಕಚ್ಚು ಮಾತ್ರ ಇದ್ದುದನ್ನು ಇದ್ದ ಹಾಗೆ ಹೇಳುತ್ತದೆ ಎಂದು ಅವನಿಗೆ ಕೆಲಸ ಕಲಿಸಿದವನು ಹೇಳಿದ್ದ. ಹಾಗಾಗಿ ಕಿಟಕಿಯಿರಲಿ ಕಪಾಟಿರಲಿ, ಮೊದಲು ಒಂದು ತೆಳ್ಳನೆಯ ಕೋಲು ಹೆರೆದು, ಅದನ್ನು ಜಾಗಕ್ಕೆ ಹಿಡಿದು, ಬೇಕಾದ ಕಡೆಯೆಲ್ಲ ಕಚ್ಚು ಹಾಕಿಕೊಂಡು ಬರುತ್ತಿದ್ದ. ಬೀದಿಯವರು ಅವನಿಗೆ ಕೋಲುಮೇಸ್ತ್ರಿ ಎಂದೇ ಹೆಸರಿಟ್ಟಿದ್ದರು. ಇಪ್ಪತ್ತು ವರ್ಷದಲ್ಲಿ ಅವನು ಕೂರಿಸಿದ ಒಂದು ಬಾಗಿಲೂ ಚೌಕಟ್ಟಿಗೆ ತಗುಲಿ ಕಿರುಗುಟ್ಟಿರಲಿಲ್ಲ.

ಈ ಸಲ ಅವನು ಕೋಲು ಹೆರೆದದ್ದು ಕಾರಿಗಾಗಿ. ಮಾಮೂಲಿ ಕಾರಲ್ಲ, ಸ್ಟೇಷನ್ ವ್ಯಾಗನ್. ಮುಂದಿನಿಂದ ನೋಡಿದರೆ ಕಾರು, ಹಿಂದಿನಿಂದ ನೋಡಿದರೆ ಬಾಗಿಲಿಟ್ಟ ಸಣ್ಣ ಕೋಣೆ. ನಾಲ್ಕಾರು ಕೈ ದಾಟಿ ಬಂದ ಹಳೆಯದಾದರೂ ಸರಿ, ಇನ್ನು ಮೂರು ವಾರದೊಳಗೆ ಮನೆಯ ಮುಂದೆ ನಿಂತಿರಬೇಕು. ಮೂರು ವಾರಕ್ಕೆ ಕಾರ್ಮಿಕ ಕಚೇರಿಯಲ್ಲಿ ಅವನ ಅಮ್ಮನ ಅಪಘಾತದ ಎರಡನೆಯ ವಿಚಾರಣೆ ಇತ್ತು. ಅಮ್ಮ ಬರುವುದಿಲ್ಲ ಎಂದಿದ್ದಳು.

ಅಮ್ಮನಿಗೆ ಗಿರಣಿಯಲ್ಲಿ ನಾಲ್ಕು ಮಗ್ಗದಮ್ಮ ಎಂದು ಹೆಸರು. ಉಳಿದವರು ಎರಡೆರಡು ಮಗ್ಗ ನೋಡಿಕೊಂಡರೆ ಅವಳೊಬ್ಬಳೇ ನಾಲ್ಕನ್ನು ನೋಡಿಕೊಳ್ಳುತ್ತಿದ್ದಳು, ಅದೂ ಇಪ್ಪತ್ತೊಂಬತ್ತು ವರ್ಷ, ನಿಂತ ಕಾಲಲ್ಲಿ. ಮಗ್ಗ ಓಡಿಸಲು ಚಕ್ರಕ್ಕೆ ಸುತ್ತಿ ತಿರುಗುವ ಪಟ್ಟಿಯ ಮೇಲೆ ಒಂದು ಕಬ್ಬಿಣದ ಜಾಲರಿ ಇರಬೇಕಿತ್ತು. ಅದನ್ನು ತೆಗೆದು ಹಾಕಿ ನೂಲಿನ ಧೂಳು ಗುಡಿಸುವಷ್ಟರಲ್ಲಿ ಹೊತ್ತು ಹೋಗುತ್ತದೆಂದು ಮೇಲ್ವಿಚಾರಕ ಜಾಲರಿಯನ್ನೇ ಬಿಚ್ಚಿಸಿ ಗೋಡೆಗೆ ಒರಗಿಸಿದ್ದ. ಒಂದು ಮಧ್ಯಾಹ್ನ ಪಟ್ಟಿ ಅವಳ ತೋಳಿನ ಬಟ್ಟೆ ಹಿಡಿದು ಎಳೆದು ಬಿಸಾಡಿತು. ಬೆನ್ನುಮೂಳೆ ಮುರಿಯಿತು, ಸೊಂಟದ ಕೆಳಗೆ ದೇಹ ಸುಮ್ಮನಾಯಿತು. "ಎತ್ತಿ ಹಾಕ್ರೋ" ಎಂದ ಮೇಲ್ವಿಚಾರಕ. ಬಟ್ಟೆಯ ಮೂಟೆ ಸಾಗಿಸುವ ವ್ಯಾನಿನಲ್ಲಿ, ಮೂಟೆಗಳ ಮೇಲೆ, ಹಾಕಿದರು. ಗಿರಣಿಯ ದಾಖಲೆಯಲ್ಲಿ ಮಾತ್ರ, ಕೆಲಸಗಾರ್ತಿ ಅವಸರದಲ್ಲಿ ಮೆಟ್ಟಿಲಿಳಿಯುವಾಗ ಜಾರಿ ಬಿದ್ದಳು ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಸುಳ್ಳಿಗೆ ಯಾವಾಗಲೂ ಅಕ್ಷರ ಚಂದ.

ಮೊದಲ ವಿಚಾರಣೆಗೆ ಬಾಡಿಗೆ ವ್ಯಾನು ತಂದಿದ್ದರು. ಕಚೇರಿಗೆ ಹನ್ನೊಂದು ಮೆಟ್ಟಿಲು. ನಾಲ್ಕು ಜನ ಗಾಲಿಕುರ್ಚಿಯ ಸಮೇತ ಅವಳನ್ನು ಹೊತ್ತು ಮೇಲೆ ಇಟ್ಟರು. ಅಧಿಕಾರಿ ಅವಳ ತಲೆಯ ಮೇಲಿಂದ ಮಗನನ್ನು ನೋಡಿ, "ಏನಾಯ್ತು ಇವರಿಗೆ?" ಎಂದು ಕೇಳಿದ. ಮಗ ಉತ್ತರ ಹೇಳಿದ. ತನಗೆ ತಿಳಿದಷ್ಟು, ಕೇಳಿದಷ್ಟು, ತೊದಲುತ್ತ. ಅಮ್ಮ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೆ ಹೇಳಿದಳು: "ಹೊತ್ಕೊಂಡು ಬಂದ ಸಾಮಾನಿನ ಮಾತು ಯಾರು ಕೇಳ್ತಾರೋ? ಇನ್ನು ನನ್ನನ್ನ ಎಲ್ಲಿಗೂ ಕರೀಬೇಡ." ಅಂದಿನಿಂದ ಹದಿನಾಲ್ಕು ತಿಂಗಳು ಹೊಸಿಲು ದಾಟಿರಲಿಲ್ಲ. ಅವಳು ಬಾಯಿ ಬಿಡದಿದ್ದರೆ ಆ ದುಂಡಗಿನ ಅಕ್ಷರವೇ ಸತ್ಯವಾಗುತ್ತಿತ್ತು.

ಬಾಡಿಗೆ ವ್ಯಾನಿನ ಅವಮಾನದಿಂದ ಅಮ್ಮ ಹೀಗಾದಳು, ಸ್ವಂತ ಗಾಡಿಯಾದರೆ ಬಂದಾಳು ಎಂದು ಬಡಗಿ ಲೆಕ್ಕ ಹಾಕಿದ. ಹಾಕಿದ ಮೇಲೆ ಕೋಲು ಹೆರೆದ. ಮಡಚಿದ ಗಾಲಿಕುರ್ಚಿಯ ಉದ್ದಕ್ಕೆ ಒಂದು ಕಚ್ಚು, ಎತ್ತರಕ್ಕೆ ಒಂದು. ತನ್ನ ಏಣಿಗೆ ಒಂದು, ಹತಾರಿನ ಪೆಟ್ಟಿಗೆಗೆ ಒಂದು. ಮಗಳ ಸೈಕಲ್ಲಿಗೆ ಒಂದು. ಹೆಂಡತಿ ಬೇರೆಯವರ ಮನೆಗೆ ಕೆಲಸಕ್ಕೆ ಒಯ್ಯುವ ಹೊಲಿಗೆ ಯಂತ್ರಕ್ಕೂ ಒಂದು.

ಗಾಡಿ ವ್ಯಾಪಾರಿಯ ಅಂಗಳದಲ್ಲಿ ವ್ಯಾಗನ್‌ಗಳು ಮೂರಿದ್ದವು. ಎಣ್ಣೆಯ ಕಲೆ, ಗಾಳಿಯಿಳಿದ ಚಕ್ರ, ಗಾಜಿನ ಮೇಲೆ ಸುಣ್ಣದಲ್ಲಿ ಬರೆದ ನಂಬರು. ವ್ಯಾಪಾರಿಯ ಮಾತು ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ.

"ಈ ಬಿಳೀದು ನೋಡಿ ಮೇಸ್ತ್ರಿ. ಒಬ್ಬ ಡಾಕ್ಟರ ಕೈಲಿತ್ತು. ಗಾಡೀನ ರೋಗಿಗಿಂತ ಚೆನ್ನಾಗಿ ನೋಡ್ಕೊಂಡಿದ್ದಾರೆ."

"ಹಾಗಿದ್ರೆ ಆ ರೋಗಿಗಳ ಗತಿ ಏನು ಪಾಪ," ಎಂದಳು ಬಡಗಿಯ ಹೆಂಡತಿ.

ಬಡಗಿ ಹಿಂಬಾಗಿಲು ತೆರೆಸಿ, ಒಳಗೆ ಮಂಡಿಯೂರಿ ಕೋಲು ಹಿಡಿದ. ಕುರ್ಚಿ ಕೂತಿತು. ಏಣಿ ಕೂತಿತು. ಪೆಟ್ಟಿಗೆ, ಸೈಕಲ್ಲು, ಯಂತ್ರ, ಎಲ್ಲ ತನಗಾಗಿಯೇ ಹೊಲಿಸಿದ ಅಂಗಿಯ ಹಾಗೆ ಕೂತವು. ಅವನ ಮುಖ ಅರಳಿತು.

"ನಮ್ಮಮ್ಮನಿಗೆ ಕಾಲು ಸ್ವಾಧೀನದಲ್ಲಿಲ್ಲ ಸ್ವಾಮಿ, ಹತ್ತಿಸೋದು ಸುಲಭವಾಗುತ್ತಾ?"

"ಅಯ್ಯೋ, ಅದೇನು ಮಹಾ? ಒಬ್ಬರು ಭುಜ ಹಿಡೀರಿ, ಒಬ್ಬರು ಕಾಲು ಹಿಡೀರಿ, ಒಳಗೆ ತಳ್ಳಿ. ಮುಗೀತು."

ಹೆಂಡತಿ ಗಂಡನ ಮುಖ ನೋಡಿದಳು. ಅವನು ಕೋಲು ನೋಡುತ್ತಿದ್ದ. "ರೀ, ಎಲ್ಲಾ ಸರಿ, ಆದ್ರೆ..." ಎಂದು ಅವಳು ಶುರು ಮಾಡುವಷ್ಟರಲ್ಲಿ, "ಅಳೆದೂ ಸುರಿದೂ ಇದನ್ನೇ ಹಿಡಿದಿದ್ದೀನಿ ಕಣೇ, ಅಪಶಕುನ ನುಡೀಬೇಡ" ಎಂದುಬಿಟ್ಟ. ಮನೆಯವರಿಗೆ ತೋರಿಸಿ ತರುತ್ತೇನೆಂದು ಹೇಳಿ, ವ್ಯಾಪಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಗಾಡಿಯನ್ನು ಮನೆಗೆ ಓಡಿಸಿದ.

ಬಿಳಿ ವ್ಯಾಗನ್ ಬೀದಿಗೆ ಬಂದದ್ದೇ ತಡ, ನೆರೆಹೊರೆಯವರು ಒಬ್ಬೊಬ್ಬರಾಗಿ ಹೊರಬಂದರು. ಅಮ್ಮ ಬಾಗಿಲವರೆಗೆ ಕುರ್ಚಿ ಉರುಳಿಸಿಕೊಂಡು ಬಂದು, ಹೊಸಿಲ ಒಳಗೇ ಅದನ್ನು ನಿಲ್ಲಿಸಿದಳು. ಹತ್ತು ವರ್ಷದ ಮೊಮ್ಮಗಳು ಅಪ್ಪನ ಕೈಯಿಂದ ಕೋಲು ಕಸಿದುಕೊಂಡು ಅಜ್ಜಿಯ ತೊಡೆಯ ಮೇಲಿಟ್ಟು ಪಾಠ ಒಪ್ಪಿಸಿದಳು.

"ಇದು ನನ್ನ ಸೈಕಲ್ಲು ಅಜ್ಜಿ. ಇದು ಅಪ್ಪನ ಏಣಿ. ಇದು ಪೆಟ್ಟಿಗೆ. ಇದು ಅಮ್ಮನ ಮಿಷನ್ನು. ಇದು ಮತ್ತೆ ಇದು, ಎರಡೂ ನಿನ್ನ ಕುರ್ಚಿ!"

ಅಮ್ಮ ಕಚ್ಚುಗಳ ಮೇಲೆ ಬೆರಳಾಡಿಸಿದಳು. ನೂಲಿನ ಗಂಟು ಹುಡುಕುತ್ತಿದ್ದ ಬೆರಳು ಅದು, ಏನನ್ನೂ ಬಿಡುತ್ತಿರಲಿಲ್ಲ.

"ಚೆನ್ನಾಗಿದೆ ಕಣೇ. ನಾನೆಲ್ಲಿದ್ದೀನಿ ಇದರಲ್ಲಿ?"

ಹುಡುಗಿ ಕೋಲನ್ನು ತಿರುಗಿಸಿದಳು. ನಾಲ್ಕು ಮೈಯನ್ನೂ ನೋಡಿದಳು. ಮತ್ತೆ ತಿರುಗಿಸಿ, "ಅಪ್ಪಾ, ಅಜ್ಜಿ ಎಲ್ಲಿ?" ಎಂದಳು.

ಎಲ್ಲ ಬಣ್ಣವನ್ನೂ ಮಸಿ ನುಂಗಿತು. ಬಡಗಿ ಕೋಲನ್ನೇ ನೋಡಿದ. ಇಪ್ಪತ್ತು ವರ್ಷದಲ್ಲಿ ತಪ್ಪದ ಕೋಲು ತಪ್ಪಿತ್ತು ಎನ್ನುವಂತೆಯೂ ಇರಲಿಲ್ಲ. ಅವನು ಕೇಳಿದ್ದನ್ನೆಲ್ಲ ಅದು ಸರಿಯಾಗಿಯೇ ಹೇಳಿತ್ತು. ಕುರ್ಚಿ ಹೇಗೆ ಒಳಗೆ ಹೋಗುತ್ತದೆ ಎಂದು ಕೇಳಿದ್ದ. ಕೂರುವವಳು ಹೇಗೆ ಎಂದು ಕೇಳಿರಲೇ ಇಲ್ಲ. ಅವಳನ್ನು ಎತ್ತಿ ಹಾಕುವುದು ಎಂದು ತನ್ನ ಮನಸ್ಸು ಎಂದೋ ತೀರ್ಮಾನ ಮಾಡಿ ಮುಗಿಸಿದ್ದು, ಆ ಮೇಲ್ವಿಚಾರಕನ ಬಾಯಲ್ಲಿದ್ದ ಮಾತೇ ತನ್ನ ಒಳಗೂ ಬೇರು ಬಿಟ್ಟಿದ್ದು ಅವನಿಗೆ ಆ ಕ್ಷಣದಲ್ಲಿ ಗೊತ್ತಾಯಿತು. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

"ಇದನ್ನ ವಾಪಸ್ ತಗೊಂಡು ಹೋಗಿ ಸ್ವಾಮಿ," ಎಂದ ವ್ಯಾಪಾರಿಗೆ.

ಮಾರನೆಯ ದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಡುವಾಗ ಅಮ್ಮ ತಲೆ ಬಾಚಿ, ಗಿರಣಿಗೆ ಹೋಗುವ ದಿನಗಳ ಹಾಗೆ ಸೆರಗು ಸೊಂಟಕ್ಕೆ ಬಿಗಿದು ಕೂತಿದ್ದಳು.

"ನಾನು ಕೂರೋ ಗಾಡಿ ನಾನೇ ನೋಡ್ತೀನಿ. ಆ ವ್ಯಾಪಾರಿಯ ಅಂಗಳ ಎಷ್ಟು ದೂರ?"

"ಎರಡು ಬೀದಿ. ಕರ್ಕೊಂಡು ಹೋಗಲಾ ಅಮ್ಮ?"

"ದಾರಿ ತೋರಿಸು ಸಾಕು. ಹಿಂದಿನಿಂದ ತಳ್ಳಿದ್ರೆ ನೋಡು ಮತ್ತೆ."

ಹದಿನಾಲ್ಕು ತಿಂಗಳ ಮೇಲೆ ಹೊಸಿಲು ದಾಟಿದಳು. ಎರಡು ಬೀದಿಗೆ ಮುಕ್ಕಾಲು ಗಂಟೆ ಹಿಡಿಯಿತು. ಒಂದು ಗುಂಡಿಯಲ್ಲಿ ಚಕ್ರ ಸಿಕ್ಕಿ ಅವಳು ಬಯ್ದ ಬೈಗುಳಕ್ಕೆ ತರಕಾರಿಯವಳು ತಕ್ಕಡಿ ಬಿಟ್ಟು ನಕ್ಕಳು. ಬಡಗಿ ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಡೆದ. ಕಟ್ಟಿಕೊಳ್ಳದಿದ್ದರೆ ಅವು ತಾವಾಗಿಯೇ ಕುರ್ಚಿಗೆ ಹೋಗುತ್ತಿದ್ದವು.

ಅಂಗಳದಲ್ಲಿ ಅಮ್ಮ ಮಗ್ಗ ಪರೀಕ್ಷಿಸುವ ಹಾಗೆ ಗಾಡಿ ಪರೀಕ್ಷಿಸಿದಳು. ಮುಟ್ಟಿ, ತಟ್ಟಿ, ಕಿವಿಗೊಟ್ಟು. ಬಿಳಿಯದರ ಮುಂಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ, ಸೀಟಿನ ಅಂಚು ದಿಂಬಿನ ಹಾಗೆ ಉಬ್ಬಿತ್ತು. "ಮೂಗಿಗಿಂತ ಮೂಗುತಿ ಭಾರ," ಎಂದು ಮುಂದೆ ಉರುಳಿದಳು. ಎರಡನೆಯದು ತೀರಾ ತಗ್ಗು. "ಇಳಿಯೋದು ಸುಲಭ, ವಾಪಸ್ ಬರೋದು ಬಾವಿಯಿಂದ ಬಂದ ಹಾಗೆ." ಮೂಲೆಯಲ್ಲಿ ಸಾಸಿವೆ ಬಣ್ಣದ ಮುದಿ ವ್ಯಾಗನ್ ನಿಂತಿತ್ತು. ಒಂದು ಕೆನ್ನೆ ತಗ್ಗಿತ್ತು, ಬಣ್ಣ ಎದ್ದಿತ್ತು. ಆದರೆ ಬಾಗಿಲು ಪೂರಾ ತೆರೆದು ನಿಂತಿತು. ಮುಂದಿನ ಸೀಟು ಬೆಂಚಿನ ಹಾಗೆ ಸಪಾಟು, ಹಿಂದಕ್ಕೆ ಸರಿಯುತ್ತಿತ್ತು, ಕುರ್ಚಿಯ ಸಮಕ್ಕೇ ಇತ್ತು. ಬಾಗಿಲ ಮೇಲೆ ಹಿಡಿಯಲು ಗಟ್ಟಿ ಹಿಡಿ.

"ಅದಾ?" ವ್ಯಾಪಾರಿ ಮೂಗು ಮುರಿದ. "ಅದು ನಾಲ್ಕು ಜನರ ಮುಂದೆ ನಿಲ್ಲಿಸೋ ಗಾಡಿಯಲ್ಲಮ್ಮ."

"ನಾಲ್ಕು ಜನರನ್ನ ನಾನು ನೋಡಿದ್ದೀನಪ್ಪ, ನನ್ನನ್ನ ಹೊತ್ತೋರು ಅವರೇ. ಇಂಜಿನ್ನು ಶುರು ಮಾಡು." ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದಳು. "ಒಂದು ಪಟ್ಟಿ ಸಡಿಲ ಇದೆ, ಕೀಚ್ ಅಂತಿದೆ. ಬಿಗಿ ಮಾಡಿಸಿ ಕೊಡು. ಪಟ್ಟಿ ವಿಷಯ ನನಗೆ ಹೇಳ್ಕೊಡಬೇಡ."

ಕುರ್ಚಿಗೂ ಸೀಟಿಗೂ ನಡುವೆ ಒಂದು ಗೇಣು ಕಂದಕ ಉಳಿಯುತ್ತಿತ್ತು. ಬಡಗಿ ಕೋಲು ಹಿಡಿದು ಬಗ್ಗಿದ. ಆಮೇಲೆ ಏನೋ ಹೊಳೆದು, ಕೋಲನ್ನೂ ಉಳಿಯನ್ನೂ ಅಮ್ಮನ ಕೈಗೆ ಕೊಟ್ಟ. ಅವಳು ತನಗೆ ಬೇಕಾದ ಕಡೆ ಕಚ್ಚು ಹಾಕಿದಳು. ಅಂಕುಡೊಂಕಾಗಿತ್ತು. ಅವನು ತಿದ್ದಲಿಲ್ಲ.

ಆ ಅಳತೆಗೆ ಒಂದು ಹಲಗೆ ಮಾಡಿದ. ಕುರ್ಚಿಯ ಮೇಲೊಂದು ತುದಿ, ಸೀಟಿನ ಮೇಲೊಂದು ತುದಿ. ಅದರ ಮೇಲೆ ಅವಳು ಕೈಯೂರಿ ಜರುಗಬೇಕು. ಅಮ್ಮ ಅಂಗೈಯಲ್ಲಿ ಸವರಿ, "ಇನ್ನೊಂದು ಸಲ ಉಜ್ಜು" ಎಂದು ಮೂರು ಸಲ ವಾಪಸು ಕಳಿಸಿದಳು. ಸಾಸಿವೆ ವ್ಯಾಗನ್ ಕೊಂಡು ತಂದ ಮೇಲೆ ವಾರವಿಡೀ ಮನೆಯ ಮುಂದೆ ಅಭ್ಯಾಸ ನಡೆಯಿತು. ಎರಡು ಸಲ ಜಾರಿದಳು. ಒಂದು ಸಲ ಅತ್ತಳು, ಅದನ್ನು ಸೊಸೆ ಮಾತ್ರ ನೋಡಿದಳು.

"ಅಮ್ಮ, ಆ ಹನ್ನೊಂದು ಮೆಟ್ಟಿಲಿಗೆ ಏನು ಮಾಡೋದು?" ಎಂದು ಬಡಗಿ ಹಿಂದಿನ ಸಂಜೆ ಕೇಳಿದ.

"ಅದು ನಿನ್ನ ಕೋಲಿನ ಕೆಲಸ ಅಲ್ಲ, ಬಿಡು."

ವಿಚಾರಣೆಯ ದಿನ ಸಾಸಿವೆ ವ್ಯಾಗನ್ ಕಾರ್ಮಿಕ ಕಚೇರಿಯ ಮುಂದೆ, ಮೆಟ್ಟಿಲ ಬುಡಕ್ಕೇ ಬಂದು ನಿಂತಿತು. ಬಡಗಿ ಹಿಂದಿನಿಂದ ಕುರ್ಚಿ ಇಳಿಸಿ ಬಿಡಿಸಿಟ್ಟ. "ಕುರ್ಚಿ ಸಾಮಾನು, ಅದನ್ನ ಎತ್ತು" ಎಂದಿದ್ದಳು ಅಮ್ಮ, ಅಷ್ಟಕ್ಕೆ ಅಪ್ಪಣೆ. ಹಲಗೆ ಹಾಕಿಕೊಂಡು, ಹಿಡಿ ಹಿಡಿದು, ತನ್ನ ಕಾಲುಗಳನ್ನು ಒಂದೊಂದಾಗಿ ತಾನೇ ಎತ್ತಿಟ್ಟುಕೊಂಡು ಅವಳು ಇಳಿದಳು. ಆರು ನಿಮಿಷ. ಕಚೇರಿಯ ಕಿಟಕಿಗಳಲ್ಲಿ ತಲೆಗಳು ಮೂಡಿದವು.

ಜವಾನ ಓಡಿ ಬಂದ. "ಮೇಲೆ ಕರೀತಿದ್ದಾರೆ. ತಡೀರಿ, ನಾಲ್ಕು ಜನ ಕರ್ಕೊಂಡು ಬರ್ತೀನಿ, ಎತ್ತಿಬಿಡೋಣ."

"ಮೇಲಿರೋರಿಗೆ ಕಾಲಿದೆಯೇನಪ್ಪಾ?"

"ಹ್ಞಾಂ? ಇದೆಯಮ್ಮ."

"ಎರಡೂ?"

"ಎರಡೂ."

"ಹಾಗಾದ್ರೆ ಇಳಿದು ಬರೋಕೆ ಹೇಳು. ನನ್ನ ಪಾಲಿನ ದಾರಿ ನಾನು ಬಂದಾಗಿದೆ."

ಜವಾನ ಹೋದವನು ಬೇಗ ಬರಲಿಲ್ಲ. ಮೇಲೆ ದನಿಗಳು ಏರಿದವು, ಇಳಿದವು. ಬಿಸಿಲು ಒಂದು ಮೆಟ್ಟಿಲು ಮುಂದೆ ಬಂತು. ಅಮ್ಮ ಹಲಗೆಯನ್ನು ತೊಡೆಯ ಮೇಲೆ ಅಡ್ಡಲಾಗಿಟ್ಟು, ಅದರ ಮೇಲೆ ಎರಡೂ ಕೈಯಿಟ್ಟು ಕಾದಳು. ಕೊನೆಗೆ ಅಧಿಕಾರಿ ಫೈಲು ಹಿಡಿದು, ಅದೇ ಮೊದಲ ಸಲ ಎಣಿಸುತ್ತಿರುವವನ ಹಾಗೆ ಒಂದೊಂದೇ ಮೆಟ್ಟಿಲು ಇಳಿದು ಬಂದ. ಬಂದವನು ಅಭ್ಯಾಸಬಲದಿಂದ ಅವಳ ತಲೆಯ ಮೇಲಿಂದ ಮಗನತ್ತ ತಿರುಗಿದ.

"ಏನ್ರೀ, ಇವರಿಗೆ ಅವತ್ತು..."

ಬಡಗಿ ಕುರ್ಚಿಯ ಹಿಂದೆ ಇರಲಿಲ್ಲ. ಅವನು ಕುಕ್ಕರಗಾಲಿನಲ್ಲಿ ಕೂತು, ಬೆನ್ನು ಮಾಡಿ, ಮೊದಲ ಮೆಟ್ಟಿಲಿಗೆ ಕೋಲು ಹಿಡಿದು, ಕುರ್ಚಿ ಉರುಳುವ ಇಳಿಜಾರು ಹಲಗೆಗಾಗಿ ಎತ್ತರದ ಕಚ್ಚು ಹಾಕುತ್ತಿದ್ದ. ತಲೆಯೆತ್ತಲಿಲ್ಲ.

ಅಧಿಕಾರಿ ಫೈಲು ಬಿಡಿಸಿದ. ಬೇರೆ ದಾರಿ ಕಾಣದೆ ಎರಡನೆಯ ಮೆಟ್ಟಿಲ ಮೇಲೆ ಕೂತ. ಆಗ ಅವನ ಕಣ್ಣು ಅವಳ ಕಣ್ಣಿನ ಸಮಕ್ಕೆ ಬಂತು.

"ಹೇಳಿ ತಾಯಿ," ಎಂದ.

"ಬರ್ಕೊಳ್ಳಿ," ಎಂದಳು ನಾಲ್ಕು ಮಗ್ಗದಮ್ಮ. "ನಾನು ಯಾವ ಮೆಟ್ಟಿಲಿಂದಲೂ ಬಿದ್ದಿಲ್ಲ. ಪಟ್ಟಿಯ ಮೇಲೆ ಒಂದು ಜಾಲರಿ ಇರಬೇಕಿತ್ತು..."