ಘಾಟು ಬಾರದ ಮೆಣಸಿನಕಾಯಿ

ಗದಿಗೆಮ್ಮನ ಮೂಗಿನ ಬಗ್ಗೆ ಸೇಡಂನ ಅವಳ ಓಣಿಯಲ್ಲಿ ಒಂದು ಮಾತಿತ್ತು. ನಾಲ್ಕು ಮನೆ ಆಚೆ ಸಾರಿಗೆ ಒಗ್ಗರಣೆ ಬಿದ್ದರೆ, ಅದಕ್ಕೆ ಇಂಗು ಹಾಕಿದ್ದಾರೋ ಮರೆತಿದ್ದಾರೋ ಎಂದು ಅವಳು ಕೂತಲ್ಲೇ ಹೇಳುತ್ತಾಳಂತೆ. ಈ ಮಾತನ್ನು ಮೊದಲು ಹುಟ್ಟಿಸಿದವಳು ಗದಿಗೆಮ್ಮನೇ ಎಂದು ಆಗದವರು ಆಡಿಕೊಳ್ಳುತ್ತಿದ್ದರು. ಇರಲಿ, ಮೂಗು ಚುರುಕಾಗಿದ್ದದ್ದು ಮಾತ್ರ ಸುಳ್ಳಲ್ಲ.

ಮೊಮ್ಮಗ ಭರತನಿಗೆ ಏಳು ತಿಂಗಳು ತುಂಬಿದಾಗ ಸೊಸೆ ಕಾವ್ಯಾಳ ರಜೆ ಮುಗಿಯಿತು. ಅವಳು ಶಾಲೆಯ ಟೀಚರು, ಮಗ ಶಿವಪ್ರಕಾಶ ಬ್ಯಾಂಕಿನವನು. ಕೂಸನ್ನು ನೋಡಿಕೊಳ್ಳಲು ಗದಿಗೆಮ್ಮ ಹೈದರಾಬಾದಿಗೆ ಬಂದಳು. ಲಿಂಗಂಪಲ್ಲಿ ಸ್ಟೇಶನ್ನಿನಲ್ಲಿ ಇಳಿದವಳ ಬಲಗೈಯಲ್ಲಿ ಬಟ್ಟೆಯ ಚೀಲ, ಎಡಗೈಯಲ್ಲಿ ಅದಕ್ಕಿಂತ ದೊಡ್ಡದಾದ ರಾಗಿ, ಜೋಳ, ಹೆಸರುಕಾಳಿನ ಚೀಲ. ಮನೆಗೆ ಕಾಲಿಟ್ಟವಳೇ ಅಡುಗೆ ಕಟ್ಟೆಯ ಮೇಲಿದ್ದ, ಅಂಗಡಿಯಿಂದ ತಂದ ಕೂಸಿನ ಹಿಟ್ಟಿನ ಡಬ್ಬಿಯನ್ನು ಎತ್ತಿ ನೋಡಿ ಮೂಗು ಮುರಿದಳು.

"ಯಾವಾಗ ಬೀಸಿದ್ದೋ, ಯಾರು ಬೀಸಿದ್ದೋ. ನಾ ಸತ್ತ ಮ್ಯಾಲ ಬೇಕಾದ್ರ ಇಂಥಾ ಡಬ್ಬಿ ತರ್ರಿ. ನಾ ಇರೂತನಕಾ ನನ್ನ ಮೊಮ್ಮಗ ಮನೀ ಹಿಟ್ಟಿನ ಗಂಜೀನ ಕುಡೀಬೇಕು."

ಕಾವ್ಯಾ "ಹೂಂ ರೀ ಅತ್ತಿ" ಅಂದಳು. ಅತ್ತೆಯ ಎದುರು ಅವಳು ಅದಕ್ಕಿಂತ ಹೆಚ್ಚು ಮಾತಾಡಿದ್ದು ಕಡಿಮೆ.

ಆ ಗಂಜಿ ಹಿಟ್ಟು ಸಾಮಾನ್ಯದ್ದಲ್ಲ. ಕಾಳುಗಳನ್ನು ರಾತ್ರಿಯಿಡೀ ನೆನೆಸಬೇಕು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಬೇಕು, ನೆರಳಲ್ಲಿ ಗಲಗಲ ಅನ್ನುವ ಹಾಗೆ ಒಣಗಿಸಬೇಕು, ಮೊಳಕೆ ಉಜ್ಜಿ ತೆಗೆಯಬೇಕು. ಆಮೇಲೆ ಒಂದೊಂದನ್ನೇ ಬೇರೆಬೇರೆಯಾಗಿ ಹುರಿಯಬೇಕು. ಗಿರಣಿಗೆ ಒಯ್ದು ನುಣ್ಣಗೆ ಬೀಸಿಸಿ, ಹಳೆಯ ಮಲ್ಲಿನ ಪಂಚೆಯಲ್ಲಿ ಎರಡು ಸಲ ಸೋಸಬೇಕು. ಇದರಲ್ಲಿ ಎಲ್ಲಕ್ಕಿಂತ ಕಷ್ಟದ್ದು ಹುರಿಯುವುದು. ಎಷ್ಟು ಹುರಿಯಬೇಕು ಎಂದು ಕೇಳಿದರೆ ಗದಿಗೆಮ್ಮ ಮೂಗು ಮುಟ್ಟಿ ತೋರಿಸುತ್ತಿದ್ದಳು. "ಗಡಿಯಾರ ನೋಡಿ ಹುರಿಯಾಕ ಬರೂದಿಲ್ಲ. ಇದು ಹೇಳತೈತಿ."

ಆದರೆ ಮೂಗು ಹೇಳುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಕರೋನಾ ಎರಡನೆಯ ಸಲ ಬಂದಾಗ ಗದಿಗೆಮ್ಮ ಇಪ್ಪತ್ತು ದಿನ ಮಲಗಿದ್ದಳು. ಎದ್ದಾಗ ನಾಲಿಗೆಗೆ ಉಪ್ಪು, ಹುಳಿ, ಸಿಹಿ ಮರಳಿ ಬಂದವು. ಮೂಗು ಮರಳಲಿಲ್ಲ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಮೂಗಿಲ್ಲದ ಗದಿಗೆಮ್ಮ ಅಂದರೆ ಯಾರು? ಅಡುಗೆ ಮನೆಯ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುವ ಒಬ್ಬ ಮುದುಕಿ. ಹಾಗಾಗುವುದು ಅವಳಿಗೆ ಬೇಡವಾಗಿತ್ತು. ಕಾಳಿನ ಬಣ್ಣ ನೋಡಿ, ಬೆರಳಿಗೆ ತಾಕುವ ಬಿಸಿ ನೋಡಿ ಹೇಗೋ ಹುರಿಯುತ್ತಿದ್ದಳು. ಹುರಿಯುತ್ತ "ಏನ್ ಘಮಾ ಅಂತೈತಿ ನೋಡು" ಎಂದು ಸೊಸೆಗೆ ಕೇಳುವಂತೆ ಅನ್ನುತ್ತಿದ್ದಳು. ಅಂದೂ ಅಂದೂ ಕೊನೆಗೆ ಅವಳಿಗೇ ಘಮ ಬರುತ್ತಿದೆ ಅನ್ನಿಸತೊಡಗಿತ್ತು. ಮನುಷ್ಯ ಊರಿಗೆ ಹೇಳಿದ ಸುಳ್ಳಿಗಿಂತ ತನಗೆ ಹೇಳಿಕೊಂಡ ಸುಳ್ಳನ್ನು ಹೆಚ್ಚು ನಂಬುತ್ತಾನೆ.

ಪಕ್ಕದಲ್ಲಿ ಹೊಸದೊಂದು ಅಪಾರ್ಟ್‌ಮೆಂಟು ಏಳುತ್ತಿತ್ತು. ಅಲ್ಲಿ ಇಟ್ಟಿಗೆ ಹೊರುವ ಗುರುಬಾಯಿ ಒಂದು ದಿನ ಗೇಟಿನಲ್ಲಿ ನೀರು ಕೇಳುತ್ತ ನಿಂತಳು. ವಾಚ್‌ಮನ್ ತೆಲುಗಿನಲ್ಲಿ ಗದರುತ್ತಿದ್ದ, ಅವಳು ಬಾರದ ತೆಲುಗಿನಲ್ಲಿ ತಡವರಿಸಿ ಕನ್ನಡಕ್ಕೆ ಇಳಿದಿದ್ದಳು. ನೆಲಮಹಡಿಯ ತಮ್ಮ ಮನೆಯ ಕಟ್ಟೆಯ ಮೇಲೆ ಕೂಸನ್ನು ಆಡಿಸುತ್ತಿದ್ದ ಗದಿಗೆಮ್ಮನ ಕಿವಿ ನೆಟ್ಟಗಾಯಿತು.

"ಯಾ ಊರವ್ವ ನಿಂದು?"

"ಚಿಂಚೋಳಿ ಕಡೀದು ರೀ ಅಮ್ಮಾರ."

ಅಷ್ಟೇ ಸಾಕಾಯಿತು. ಅಂದಿನಿಂದ ಗುರುಬಾಯಿ ಅಲ್ಲಿಯೇ ನೀರು ತುಂಬಿಕೊಳ್ಳತೊಡಗಿದಳು, ಗದಿಗೆಮ್ಮ ಮನಸಾರೆ ಮಾತಾಡತೊಡಗಿದಳು, ಗುರುಬಾಯಿಯ ನಾಲ್ಕು ವರ್ಷದ ಮಗಳು ಪಿಂಕಿ ಹತ್ತು ಗಂಟೆಯಾದರೆ ತಾನಾಗಿಯೇ ಕಟ್ಟೆಯ ಮೆಟ್ಟಿಲಿಗೆ ಬಂದು ಕೂರತೊಡಗಿದಳು. ಅದು ಭರತನ ಗಂಜಿಯ ಹೊತ್ತು. ಕೂಸು ಉಣ್ಣುವುದನ್ನು ನೋಡಿದವರ ಕೈಗೆ ಮೊದಲು ಒಂದಿಷ್ಟು ಹಾಕಿದರೆ ದೃಷ್ಟಿ ತಾಕುವುದಿಲ್ಲ ಎಂಬುದು ಗದಿಗೆಮ್ಮನ ಅವ್ವನ ಕಾಲದ ರೂಢಿ. ಅವಳು ದಿನಾ ಒಂದು ಚಮಚ ಗಂಜಿಯನ್ನು ಪಿಂಕಿಯ ಅಂಗೈಗೆ ಹಾಕುತ್ತಿದ್ದಳು. ಗದಿಗೆಮ್ಮನನ್ನು ಅಜ್ಜಿಯಂತೆ ಆಯಿ ಎಂದು ಕರೆಯುತ್ತಿದ್ದ ಪಿಂಕಿ ಅಂಗೈ ನೆಕ್ಕಿ, ನಕ್ಕು, "ಪಾಪು ಜಾಣ" ಅನ್ನುತ್ತಿದ್ದಳು.

ಶ್ರಾವಣದಲ್ಲಿ ಹಿಟ್ಟು ಮುಗಿಯಿತು. ಹೊಸದಕ್ಕೆ ಕಾಳು ಮೊಳಕೆ ಬರಿಸಿದ ಮೇಲೆ ಮೋಡ ಮುಚ್ಚಿಕೊಂಡು ನಾಲ್ಕು ದಿನ ಬಿಡಲಿಲ್ಲ. ಗದಿಗೆಮ್ಮ ಕಾಳನ್ನು ಪಂಚೆಯ ಮೇಲೆ ಹರವಿ ಫ್ಯಾನಿನ ಕೆಳಗೆ ಒಣಗಿಸಿದಳು. ಗಲಗಲ ಅನ್ನಲಿಲ್ಲ. ಕಾವ್ಯಾ ಹೋಗುವಾಗ ಬರುವಾಗ "ಎರಡು ದಿನಾ ಡಬ್ಬೀದು ಹಾಕೋಣೇನ್ರಿ ಅತ್ತಿ" ಎಂದು ಕೇಳಿದಳು. ಆ ಮಾತು ಗದಿಗೆಮ್ಮನಿಗೆ ಚುಚ್ಚಿತು. ಅದೇ ದಿನ ಹುರಿದಳು, ಬೀಸಿಸಿದಳು, ಡಬ್ಬಿಗೆ ತುಂಬಿದಳು.

ಹೊಸ ಹಿಟ್ಟಿನ ನಾಲ್ಕನೆಯ ದಿನ ಪಿಂಕಿ ಅಂಗೈ ನೆಕ್ಕಿದವಳು ಮುಖ ಕಿವಿಚಿ ಉಗುಳಿದಳು. "ಆಯಿ, ನಾತ" ಅಂದು ನಾಲಿಗೆಯನ್ನು ಲಂಗಕ್ಕೆ ಒರೆಸಿಕೊಂಡಳು.

"ಅನ್ನಾ ಉಗುಳ್ತೀ ಏನ? ಕೊಬ್ಬು ನೋಡು ಇದರದು." ಗದಿಗೆಮ್ಮನ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಇರುವಂಥದ್ದು. ಭರತನೂ ಆವತ್ತು ಮುಖ ತಿರುವಿದ. ಅವಳು ಗಲ್ಲ ಹಿಡಿದು, ಹಾಡು ಹೇಳಿ, ಇನ್ನೊಂದು ಚೂರು ಬೆಲ್ಲ ಕಲಸಿ ಬಟ್ಟಲು ಖಾಲಿ ಮಾಡಿಸಿದಳು.

ಸಂಜೆಗೆ ಕೂಸಿಗೆ ವಾಂತಿ ಹಿಡಿಯಿತು, ಜೊತೆಗೆ ಭೇದಿ. ಶಿವಪ್ರಕಾಶ ಆಟೋ ತಂದ. ಡಾಕ್ಟರು ನೀರು, ಹೊರಗಿನ ತಿಂಡಿ ಎಲ್ಲ ಕೇಳಿದರು. "ಹೊರಗಿಂದು ಏನೂ ಇಲ್ಲ, ನಮ್ಮ ಅತ್ತಿ ಕೈಯಾರೆ ಮಾಡಿದ ಗಂಜಿ" ಎಂದು ಕಾವ್ಯಾ ಹಿಂದಿಯಲ್ಲಿ ಹೇಳಿದಳು. ಡಾಕ್ಟರು ಗದಿಗೆಮ್ಮನನ್ನು ನೋಡಿ ಒಳ್ಳೆಯದು ಎಂಬಂತೆ ತಲೆದೂಗಿದರು. ಆ ತಲೆದೂಗು ನೋಡಿ, ಕೂಸು ಅಷ್ಟು ಸುಸ್ತಾಗಿ ಮಲಗಿದ್ದಾಗಲೂ ಅವಳಿಗೆ ಒಂದು ಗಳಿಗೆ ಹೆಮ್ಮೆಯಾಯಿತು.

ಮನೆಗೆ ಬಂದವಳೇ ದೃಷ್ಟಿ ತೆಗೆದಳು. ಉಪ್ಪು, ಒಣಮೆಣಸಿನಕಾಯಿ, ಕಸಬರಿಗೆಯ ಕಡ್ಡಿ ಹಿಡಿದು ಕೂಸಿನ ಸುತ್ತ ಇಳಿಸಿ, ಹೊರಗಿನ ಕಟ್ಟೆಯ ಮೇಲೆ ಕಾದ ಹಂಚಿಗೆ ಹಾಕಿದಳು. ದೃಷ್ಟಿಯಿಲ್ಲದಿದ್ದರೆ ಮೆಣಸಿನಕಾಯಿ ಘಾಟು ಎಬ್ಬಿಸಿ ಕೆಮ್ಮಿಸುತ್ತದೆ, ದೃಷ್ಟಿಯಾಗಿದ್ದರೆ ಘಾಟೇ ಬರುವುದಿಲ್ಲ. ಗದಿಗೆಮ್ಮ ಹಂಚಿನ ಮೇಲೆ ಬಗ್ಗಿ ನಿಂತಳು. ಮೆಣಸಿನಕಾಯಿ ಕರ್ರಗಾಯಿತು, ಹೊಗೆ ಎದ್ದು ಗಾಳಿಗೆ ಒಳಗೆ ತಿರುಗಿತು; ಅವಳ ಕಣ್ಣು ಉರಿದವು, ಬರೀ ಹೊಗೆ ಎಂದು ಒರೆಸಿಕೊಂಡಳು. ಘಾಟು ಇಲ್ಲ.

"ನೋಡಿದ್ಯಾ ಕಾವ್ಯಾ, ಹನಿಯಷ್ಟೂ ಘಾಟಿಲ್ಲ. ಎಂಥಾ ಕೆಟ್ಟ ಕಣ್ಣು ಬಿದ್ದೈತಿ."

ಒಳಗಿನಿಂದ ಕಾವ್ಯಾ ಒಂದೇ ಸಮನೆ ಕೆಮ್ಮುತ್ತಿದ್ದಳು. "ಅತ್ತಿ, ಬಾಗಿಲಾ ಹಾಕ್ರಿ" ಎಂದಳು. ಮಳೆಗಾಲದ ನೆಗಡಿ ಇರಬೇಕು ಅಂದುಕೊಂಡು ಗದಿಗೆಮ್ಮ ಬಾಗಿಲು ಹಾಕಿದಳು.

ಯಾರ ಕಣ್ಣು ಎಂದು ಅವಳು ಬಹಳ ಹುಡುಕಬೇಕಾಗಲಿಲ್ಲ. ಅನ್ನ ಉಗುಳಿದ ಹುಡುಗಿ ಇದ್ದಳಲ್ಲ. ಮರುದಿನ ಗುರುಬಾಯಿ ನೀರಿಗೆ ಬಂದಾಗ, ಅವಳ ಸೆರಗು ಹಿಡಿದು ನಿಂತಿದ್ದ ಪಿಂಕಿಯ ಎದುರಿಗೇ ಹೇಳಿದಳು.

"ಕೂಸು ಉಣ್ಣೂ ಹೊತ್ತಿನಾಗ ನಿನ್ನ ಮಗಳನ್ನ ಈ ಕಡಿ ಬಿಡಬ್ಯಾಡ ಗುರುಬಾಯಿ. ಅದರ ಕಣ್ಣು ಛಲೋ ಇಲ್ಲ. ನನ್ನ ಮೊಮ್ಮಗ ಸಾಯಾಕ ಬಿದ್ದಿದ್ದ."

ಗುರುಬಾಯಿ ನಲ್ಲಿ ತಿರುವಿ ನಿಲ್ಲಿಸಿದಳು. "ಆತ್ರಿ ಅಮ್ಮಾರ" ಎಂದು ಮಗಳ ಕೈ ಹಿಡಿದುಕೊಂಡು ಹೋದಳು. ಬಾಟಲಿಯಲ್ಲಿ ಆವತ್ತು ಅರ್ಧ ನೀರೂ ತುಂಬಿರಲಿಲ್ಲ.

ಮೂರು ದಿನಕ್ಕೆ ಭರತ ಗೆಲುವಾದ. ಕಣ್ಣು ತಾಕಿದ ಹಿಟ್ಟನ್ನು ಮತ್ತೆ ಅವನಿಗೆ ಹಾಕಲು ಗದಿಗೆಮ್ಮನಿಗೆ ಮನಸ್ಸು ಬರಲಿಲ್ಲ, ಚೆಲ್ಲಲೂ ಬರಲಿಲ್ಲ. ಬೇಲಿಯ ಆಚೆ ಹೋಗುತ್ತಿದ್ದ ಗುರುಬಾಯಿಯನ್ನು ಕರೆದು ಡಬ್ಬಿ ಕೊಟ್ಟಳು. "ನಿನ್ನ ಮಗಳಿಗೆ ಕಾಸಿ ಹಾಕು, ಮೈ ಹಿಡೀತಾಳ." ಮೊಮ್ಮಗನಿಗೆ ಬೇಡವಾದದ್ದು ಆ ಹುಡುಗಿಗೆ ಸಾಕು ಎಂಬ ಲೆಕ್ಕ ಅದು. ಅದನ್ನು ಆಗ ಅವಳು ದಾನ ಎಂದು ತಿಳಿದಿದ್ದಳು.

ಮಾರನೆಯ ದಿನ ಗುರುಬಾಯಿ ಡಬ್ಬಿಯೊಂದಿಗೆ ಬಂದಳು. ಕಟ್ಟೆ ಹತ್ತಲಿಲ್ಲ, ಮೆಟ್ಟಿಲ ಕೆಳಗೇ ನಿಂತಳು.

"ತಪ್ಪ ತಿಳಿಬ್ಯಾಡ್ರಿ ಅಮ್ಮಾರ. ಹಿಟ್ಟು ಮುಗ್ಗೈತ್ರಿ. ಮುಚ್ಚಳಾ ತಗದ ಕೂಡ್ಲೇ ಗೊತ್ತಾತು. ಒಳಗ ಇದ ಹಿಟ್ಟು ಇನ್ನೂ ಇದ್ರ ಕೂಸಿಗಿ ಹಾಕಬ್ಯಾಡ್ರಿ. ಅಷ್ಟ ಹೇಳಾಕ ಬಂದೆ."

"ಐವತ್ತು ವರ್ಷ ಹಿಟ್ಟು ಹುರದಾಕಿ ನಾ. ನನ್ನ ಮೂಗಿಗೆ ಬರಲಾರದ್ದು ನಿನ್ನ ಮೂಗಿಗೆ ಬಂತೇನು?" ಗದಿಗೆಮ್ಮ ಡಬ್ಬಿ ಕಸಿದುಕೊಂಡು ಮುಚ್ಚಳ ತೆಗೆದು, ಮೂಗು ಒಳಗಿಟ್ಟು ಉಸಿರೆಳೆದಳು. "ಘಮಾ ಅಂತೈತಿ ಇದು."

ಗುರುಬಾಯಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಅವಳ ದನಿ ತಗ್ಗಿತು.

"ನಮ್ಮ ಅತ್ತೀಗೂ ಕರೋನಾದಾಗ ಹಿಂಗ ಆಗಿತ್ರಿ ಅಮ್ಮಾರ. ಸೀಮೆಎಣ್ಣಿ ಚೆಲ್ಲಿದ್ರೂ ಗೊತ್ತಾಗತಿರಲಿಲ್ಲ."

ಅಷ್ಟು ಹೇಳಿ ಕೆಲಸಕ್ಕೆ ಹೋದಳು. ಗದಿಗೆಮ್ಮ ಹಿಟ್ಟಿಗೆ ಕೈ ಹಾಕಿ ಬೆಳಕಿಗೆ ಹಿಡಿದಳು. ಹೊಸ ಹಿಟ್ಟಿನಂತೆ ಬೆರಳ ಸಂದಿಯಿಂದ ಜಾರಲಿಲ್ಲ. ಗಂಟುಗಂಟಾಗಿ, ಜೇಡನ ಬಲೆಯಂಥ ಎಳೆ ಹಿಡಿದು ಬಂತು. ಒಂದು ಗಂಟು ಒಡೆದರೆ ಒಳಗೆ ಹಸಿರು ಬೂಷ್ಟು. ಇದನ್ನು ಅವಳು ಗಲ್ಲ ಹಿಡಿದು, ಬೆಲ್ಲ ಬೆರೆಸಿ ತಿನ್ನಿಸಿದ್ದಳು.

ಆಗ ಹಂಚಿನ ಮೇಲಿನ ಮೆಣಸಿನಕಾಯಿ ನೆನಪಾಯಿತು. ಒಳಗೆ ಕೂತಿದ್ದ ಕಾವ್ಯಾ ಕೆಮ್ಮಿದ್ದು ನೆನಪಾಯಿತು. ಘಾಟು ಬಂದಿತ್ತು. ಇಡೀ ಮನೆಗೆ ಬಂದಿತ್ತು, ತನ್ನೊಬ್ಬಳನ್ನು ಬಿಟ್ಟು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ನಾಲ್ಕು ವರ್ಷದ ಹುಡುಗಿಯ ಕಣ್ಣು ಡೊಂಕು ಅಂದಿದ್ದಳು. ಗದಿಗೆಮ್ಮನಿಗೆ ನಾಚಿಕೆಯಾಯಿತು. ಅರವತ್ತು ವರ್ಷದಲ್ಲಿ ಅವಳಿಗೆ ಅದರ ರೂಢಿಯೇ ಇರಲಿಲ್ಲ.

ಹಾಗಂತ ಅವತ್ತೇ ಸೊಸೆಗೆ ಹೇಳಿದಳೇ? ಇಲ್ಲ. ಹಿಟ್ಟನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ಒತ್ತಿದಳು. ಹೇಳಿದರೆ ಕೂಸನ್ನು ತನ್ನ ಕೈಗೆ ಬಿಡುತ್ತಾರೆಯೇ ಎಂಬ ಹೆದರಿಕೆ. ಗಿರಣಿಯವನ ಮೇಲೆ ಹಾಕಿಬಿಡೋಣ ಎಂದೂ ಯೋಚಿಸಿದಳು. ಎರಡು ದಿನ ಭರತನಿಗೆ ಅನ್ನದ ತಿಳಿ ಕುಡಿಸುತ್ತ ಕಳೆದಳು. ಹತ್ತು ಗಂಟೆಗೆ ಮೆಟ್ಟಿಲ ಮೇಲೆ ಯಾರೂ ಇರುತ್ತಿರಲಿಲ್ಲ. ಅಲ್ಲಿ ಕಣ್ಣು ಹಾಯಿಸಲು ಅವಳಿಗೇ ಆಗುತ್ತಿರಲಿಲ್ಲ.

ರವಿವಾರ ಕಾವ್ಯಾ ಕೇಳಿದಳು. "ಪಿಂಕಿ ಯಾಕ ಬರವಲ್ಲಳ್ರಿ ಅತ್ತಿ? ನಮ್ಮ ಅಕ್ಕನ ಮಗಳ ಎರಡು ಫ್ರಾಕ್ ಅದಾವ. ಕೊಟ್ಟು ಬರೂಣ ನಡೀರಿ."

ಬೇಡ ಅನ್ನಲು ಕಾರಣ ಸಿಗಲಿಲ್ಲ. ಭರತನನ್ನು ಕಂಕುಳಲ್ಲಿ ಎತ್ತಿಕೊಂಡು ಗದಿಗೆಮ್ಮ ಸೊಸೆಯ ಹಿಂದೆ ಹೊರಟಳು. ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳ ಸಾಲು. ಮೂರನೆಯದರ ಮುಂದೆ ಗುರುಬಾಯಿ ರೊಟ್ಟಿ ಬಡಿಯುತ್ತಿದ್ದಳು. ಪಿಂಕಿ ಮರಳಲ್ಲಿ ಆಡುತ್ತಿದ್ದವಳು ತಲೆ ಎತ್ತಿದಳು, ಕೂಸನ್ನು ಕಂಡಳು, ಕಂಡ ಕೂಡಲೇ ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡಳು.

ಕಾವ್ಯಾ ನಕ್ಕಳು. "ಯಾಕವ್ವ, ಕಣ್ಣಾಮುಚ್ಚಾಲಿ ಏನು?"

"ಪಾಪೂನ್ನ ನೋಡಬಾರದು" ಎಂದಳು ಪಿಂಕಿ, ಕೈ ತೆಗೆಯದೆ. "ನನ್ನ ಕಣ್ಣು ಛಲೋ ಇಲ್ಲ. ಪಾಪು ಸಾಯತಾನ."

ಕಾವ್ಯಾಳ ನಗು ನಿಂತಿತು. "ಯಾರು ಹೇಳಿದ್ರು ಹಂಗ?"

ಪಿಂಕಿ ಅಂಗೈಗಳನ್ನು ಇನ್ನೂ ಒತ್ತಿಕೊಂಡಳು. ಗುರುಬಾಯಿ ತಲೆ ಎತ್ತದೆ ರೊಟ್ಟಿ ತಿರುವಿದಳು. ಅವಳು ಹೇಳುವುದಿಲ್ಲ ಎಂದು ಗದಿಗೆಮ್ಮನಿಗೆ ತಿಳಿಯಿತು. ಸುಮ್ಮನಿದ್ದರೆ ಮಾತು ಇಲ್ಲಿಗೇ ಮುಗಿಯುತ್ತಿತ್ತು, ಫ್ರಾಕು ಕೊಟ್ಟು ಮನೆಗೆ ಹೋಗಬಹುದಿತ್ತು. ಅದೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ನಾ ಹೇಳೀನಿ" ಎಂದಳು. "ಕಾವ್ಯಾ, ಕೂಸಿಗಿ ಹಾಕಿದ ಹಿಟ್ಟು ಬೂಷ್ಟ ಹಿಡದಿತ್ತು. ಈ ಹುಡುಗಿ ನಾತ ಅಂತ ಹೇಳಿದ್ಲು, ನಾ ಬೈದೆ. ಕರೋನಾ ಬಂದಾಗಿಂದ ನನಗ ವಾಸನಿ ಬರೂದಿಲ್ಲ. ನಿಮಗ್ಯಾರಿಗೂ ಹೇಳಿಲ್ಲ. ನನ್ನ ಮೂಗಿನ ತಪ್ಪು ಇದರ ಕಣ್ಣಿಗೆ ಹಾಕಿದೆ."

ಕಾವ್ಯಾ ಕೈಯಲ್ಲಿದ್ದ ಫ್ರಾಕುಗಳನ್ನು ಕೆಳಗಿಟ್ಟಳು. ಆಮೇಲೆ ಹತ್ತಿರ ಬಂದು ಅತ್ತೆಯ ಕಂಕುಳಿಂದ ಭರತನನ್ನು ಎತ್ತಿಕೊಂಡಳು. ಸಿಟ್ಟಿನಿಂದ ಎತ್ತಿಕೊಳ್ಳಲಿಲ್ಲ, ಮೆಲ್ಲಗೇ ಎತ್ತಿಕೊಂಡಳು. ಗದಿಗೆಮ್ಮ ಹೆದರಿದ್ದು ಇದಕ್ಕೇ. ಆದರೂ ಕೈ ಬಿಟ್ಟಳು.

ಖಾಲಿ ಕೈಯಲ್ಲಿ ಅವಳು ಪಿಂಕಿಯ ಮುಂದೆ ಮರಳಲ್ಲಿ ಕೂತಳು. "ಕೈ ತಗಿಯವ್ವ. ನಿನ್ನ ಕಣ್ಣು ಛಲೋ ಅದಾವ. ಆಯೀದ ತಪ್ಪು. ಆಯಿ ಸುಳ್ಳು ಹೇಳಿದ್ಲು."

"ತಗೀ, ಆಯಿ ಹೇಳಾಕತ್ತಾರ" ಎಂದಳು ಗುರುಬಾಯಿ ಒಲೆಯ ಹತ್ತಿರದಿಂದಲೇ.

ಪಿಂಕಿ ಕೈ ತೆಗೆದಳು. ಗದಿಗೆಮ್ಮನನ್ನು ನೋಡಿದಳು, ಅವ್ವನನ್ನು ನೋಡಿದಳು, ಕಾವ್ಯಾಳ ಕಾಲನ್ನು ನೋಡಿದಳು. ಭರತ ಅವಳ ಗುರುತು ಹಿಡಿದು ಕೇಕೆ ಹಾಕಿ ಎರಡೂ ಕೈ ಚಾಚಿದ. ಪಿಂಕಿ ತಲೆ ತಗ್ಗಿಸಿ ಮರಳು ನೋಡುತ್ತ ಕೂತಳು.