ಹೊಗೆಯಿಲ್ಲದ ಕೆಂಡ

ಚಳಿಗಾಲ ಬಂತೆಂದರೆ ಕಲ್ಕತ್ತೆಯ ಜನಕ್ಕೆ ಹುಚ್ಚು ಹಿಡಿಯುತ್ತದೆ. ಮಂಕಿಟೋಪಿ, ಮಫ್ಲರು, ಕಾಲುಚೀಲ ಎಲ್ಲ ಮೈಮೇಲೆ ಹೇರಿಕೊಂಡು, ಲಾರಿಯಲ್ಲಿ ದೊಡ್ಡ ದೊಡ್ಡ ಪಾತ್ರೆ, ಇದ್ದಿಲು, ಮೈಕು ತುಂಬಿಕೊಂಡು ಗಂಗೆಯ ದಡಕ್ಕೆ ಹೋಗಿ, ಬಯಲಲ್ಲಿ ಒಲೆ ಹೂಡಿ, ಬೇಯಿಸಿ ತಿಂದು ಬಂದರೇ ಅವರಿಗೆ ಸಮಾಧಾನ. ಲೇಕ್ ಗಾರ್ಡನ್ಸಿನ ಮೂರನೇ ಮಹಡಿಯಿಂದ ಇಪ್ಪತ್ತು ವರ್ಷ ಈ ಲಾರಿಗಳನ್ನು ನೋಡಿ ಮೂಗು ಮುರಿದಿದ್ದ ಸುಗಂಧಿ, ಆ ಜನವರಿಯಲ್ಲಿ ತಾನೇ ಪಾತ್ರೆ ಕಟ್ಟಿಕೊಂಡು ಹೊರಟಳು. ಅಳಿಯ ವಿಖ್ಯಾತನ ಹುಚ್ಚು ಬಂಗಾಳಿಗಳಿಗಿಂತ ಒಂದು ಕೈ ಮೇಲೆ. ಉಂಡು ಮನೆಗೆ ಬಂದರೆ ಸಾಲದು, ರಾತ್ರಿ ಅಲ್ಲೇ ಟೆಂಟಿನಲ್ಲಿ ಮಲಗಬೇಕಂತೆ. ಸೆಕ್ಟರ್ ಫೈವಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಆಗ ಸಂಬಳ ಏರಿದ ಹಾಗೆ ಇಂಥ ಖಯಾಲಿಗಳೂ ಏರುತ್ತಿದ್ದವು.

ಜಾಗ ಸಿಕ್ಕಿದ್ದು ಸುಗಂಧಿಯ ಗಂಡನ ಕಡೆಯಿಂದ. ಕೃಷ್ಣರಾಜ ಶೆಟ್ಟರು ಬ್ಯಾಂಕಿನಲ್ಲಿ ಮ್ಯಾನೇಜರು. ಅವರ ಗಿರಾಕಿಯೊಬ್ಬರದು ದಕ್ಷಿಣೇಶ್ವರ ದಾಟಿದ ಮೇಲೆ ಗಂಗೆಯ ದಡದಲ್ಲಿ ಒಂದು ಹಳೆಯ ತೋಟವಿತ್ತು. ಮನೆ ಬಿದ್ದುಹೋಗಿತ್ತು, ಮಾವಿನ ಮರಗಳೂ ನದಿಗಿಳಿಯುವ ಮೆಟ್ಟಿಲುಗಳೂ ಉಳಿದಿದ್ದವು. ಶನಿವಾರ ಮಧ್ಯಾಹ್ನ ಶೆಟ್ಟರು, ಸುಗಂಧಿ, ಮಗಳು ಕ್ಷಮಾ, ಅಳಿಯ, ನಾಲ್ಕು ತಿಂಗಳ ಮೊಮ್ಮಗಳು ವರ್ಷಿಣಿ, ಇಷ್ಟು ಜನ ಅಳಿಯನ ಹೊಸ ಕಾರಿನಲ್ಲಿ ಬಂದು ಇಳಿದರು.

ನಿಜ ಹೇಳಬೇಕೆಂದರೆ ಸುಗಂಧಿಗೆ ಈ ಕ್ಯಾಂಪಿಂಗು ಗೀಂಪಿಂಗು ಯಾವುದೂ ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಮೊಮ್ಮಗಳು. ಸೋಮವಾರ ಕ್ಷಮಾ ಮತ್ತೆ ಕೆಲಸಕ್ಕೆ ಹೋಗುವವಳಿದ್ದಳು. ಹಗಲಿಡೀ ಮಗುವನ್ನು ನೋಡಿಕೊಳ್ಳುವವರು ಯಾರು? ಸಾಲ್ಟ್ ಲೇಕಿನಲ್ಲಿ ಒಂದು ಶಿಶುವಿಹಾರ ನೋಡಿಟ್ಟಿದ್ದೇನೆ ಎಂದು ಕ್ಷಮಾ ಹೇಳಿದ ದಿನ ಸುಗಂಧಿ ಅರ್ಧ ಊಟಕ್ಕೇ ತಟ್ಟೆ ಬಿಟ್ಟು ಎದ್ದಿದ್ದಳು. ಸ್ವಂತ ಅಜ್ಜಿ ಕಲ್ಲುಗುಂಡಿನ ಹಾಗೆ ಮನೆಯಲ್ಲಿ ಕೂತಿರುವಾಗ ಮಗು ಯಾರದೋ ಮಡಿಲಲ್ಲಿ ಬೆಳೆಯಬೇಕೇ?

ಕ್ಷಮಾಳ ತಕರಾರು ಒಂದೇ. ಸ್ನಾನವಾದ ಮೇಲೆ ಮಗುವಿಗೆ ಅಮ್ಮ ಲೋಬಾನದ ಹೊಗೆ ಹಾಕುತ್ತಾಳೆ. ಡಾಕ್ಟರು ಬೇಡ ಎಂದರೂ ಹಾಕುತ್ತಾಳೆ.

"ಪಾಪುವನ್ನು ನಿನ್ನ ಹತ್ರವೇ ಬಿಡ್ಬೇಕಂತ ನನಗೂ ಆಸೆ ಉಂಟು ಅಮ್ಮ," ಎಂದಿದ್ದಳು ಕಾರಿನಲ್ಲಿ. ಕಲ್ಕತ್ತೆಯಲ್ಲೇ ಬೆಳೆದವಳಾದ್ದರಿಂದ ಅವಳ ಕನ್ನಡ ಸ್ವಲ್ಪ ತಡವರಿಸುತ್ತಿತ್ತು. "ಬಟ್ ನೀನು ಹೇಳಿದ್ದು ಕೇಳಲ್ಲ. ಈ ಎರಡು ದಿನ ನೋಡುವ. ಒಂದೇ ರೂಲ್. ಪಾಪು ಹತ್ರ ಹೊಗೆ ಬರ್ಬಾರ್ದು."

"ಆಯ್ತು ಮಾರಾಯ್ತಿ. ಹೊಗೆ ಬರ್ಬಾರ್ದು. ಬರುದಿಲ್ಲ."

ಸುಗಂಧಿ ಮಾತು ಕೊಟ್ಟರೆ ಮುಗಿಯಿತು, ತಪ್ಪುವ ಹೆಂಗಸಲ್ಲ. ಅದೇ ಕುತ್ತಾಯಿತು ನೋಡಿ.

ಅಳಿಯ ಮೊದಲು ಟೆಂಟು ಹಾಕಿದ. ನೀಲಿ ನೈಲಾನಿನದು, ನಾಲ್ಕು ಜನ ಮಲಗುವಷ್ಟು. ನೆತ್ತಿಯಲ್ಲಿ ಗಾಳಿಗೆಂದು ಬಲೆಯ ಕಿಂಡಿಯೊಂದಿತ್ತು. ಮಗುವಿಗೆ ಚಳಿಯಾದೀತೆಂದು ಅದರ ಮೇಲೆ ಹೊದಿಕೆ ಎಳೆದು ಬಿಗಿದು ಕಟ್ಟಿದ. "ಇನ್ನು ಸೊಳ್ಳೆ ಬಿಡಿ ಅತ್ತೆ, ಗಾಳಿ ಸಹ ಒಳಗೆ ಬರ್ಲಿಕ್ಕಿಲ್ಲ," ಎಂದು ಎದೆಯುಬ್ಬಿಸಿದ.

ಬೆಂಕಿಯ ವಿಷಯದಲ್ಲಿ ಅವನ ಜಂಭ ನಡೆಯಲಿಲ್ಲ. ಇಂಟರ್‌ನೆಟ್ಟಿನಲ್ಲಿ ನೋಡಿದ ಹಾಗೆ ಸೌದೆಯನ್ನು ಗೋಪುರದ ಆಕಾರದಲ್ಲಿ ನಿಲ್ಲಿಸಿ ಕಡ್ಡಿ ಗೀರಿದ. ಇಬ್ಬನಿಗೆ ನೆನೆದ ಮಾವಿನ ಸೌದೆ, ಹೊತ್ತೀತೇ? ಮಾವ ಬಂದು ಸೀಮೆಎಣ್ಣೆ ಸುರಿದರು. ಭಗ್ಗೆಂದು ಉರಿದು, ಅಷ್ಟೇ ಬೇಗ ಆರಿ, ಇಬ್ಬರೂ ಕಣ್ಣೊರೆಸಿಕೊಂಡು ಕೆಮ್ಮುತ್ತ ನಿಂತರು.

"ಎಂತ ಯಜ್ಞ ಮಾಡ್ತಿದ್ದೀರಾ ಮಾವ ಅಳಿಯ ಸೇರಿ? ಏಳಿ ಅತ್ಲಾಗೆ," ಎಂದು ಸುಗಂಧಿ ಸೆರಗು ಸಿಕ್ಕಿಸಿಕೊಂಡಳು.

ಬಿದ್ದ ಮನೆಯ ಇಟ್ಟಿಗೆ ತಂದು ಒಲೆ ಹೂಡಿದಳು. ನದಿಯ ಗಾಳಿಗೆ ಬೆನ್ನಾಗುವಂತೆ ಅದರ ಬಾಯಿ ತಿರುಗಿಸಿ, ತಳದಲ್ಲಿ ತೆಂಗಿನ ನಾರು, ಮೇಲೆ ಗೆರಟೆ ಜೋಡಿಸಿದಳು. ತಿಂಗಳಿಂದ ಅಡುಗೆಮನೆಯಲ್ಲಿ ಒಡೆದ ತೆಂಗಿನಕಾಯಿಯ ಗೆರಟೆಗಳನ್ನು ಒಂದನ್ನೂ ಎಸೆಯದೆ ಚೀಲದಲ್ಲಿ ತುಂಬಿಸಿ ತಂದಿದ್ದಳು. ನಾರು ಕೆಂಪಾಗಿ ಗೆರಟೆ ಚಟಚಟ ಎನ್ನುತ್ತ ಹತ್ತಿಕೊಂಡಿತು. ಹಸಿ ಸೌದೆಯನ್ನು ಪಕ್ಕದಲ್ಲೇ ಒಣಗಲು ಒರಗಿಸಿದಳು. ದೊಡ್ಡ ಬಾಣಲೆಯಲ್ಲಿ ಕೊಬ್ಬರಿ ಎಣ್ಣೆ ಬಿಸಿಯಾಗಿ, ಈರುಳ್ಳಿ ಬಿದ್ದು, ಮನೆಯಿಂದ ಹುರಿದು ತಂದ ಮಸಾಲೆಯ ಜೊತೆ ಕೋಳಿ ಬೇಯತೊಡಗಿದಾಗ ಶೆಟ್ಟರು ಕುರ್ಚಿಯನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡರು.

ಹೊತ್ತು ಮುಳುಗಿತು. ನದಿಯಿಂದ ಮಂಜು ಎದ್ದು ಮೆಟ್ಟಿಲು ಹತ್ತಿ ಬಂತು, ಅದರ ಹಿಂದೆಯೇ ಸೊಳ್ಳೆ. ಪಕ್ಕದ ತೋಟದಲ್ಲಿ ಪಿಕ್ನಿಕ್ಕಿಗೆ ಬಂದವರು ಇನ್ನೂ ಮೈಕು ಹಾಕಿ ಕುಣಿಯುತ್ತಿದ್ದರು. ಆ ಗದ್ದಲಕ್ಕೆ ಮಗು ಬೆಚ್ಚಿಬಿದ್ದು ಬೆಚ್ಚಿಬಿದ್ದು ಅಳುತ್ತಿತ್ತು. ಕ್ಷಮಾ ಅದನ್ನೆತ್ತಿಕೊಂಡು ಟೆಂಟಿನೊಳಗೆ ಹೋಗಿ ಜಿಪ್ಪು ಎಳೆದಳು.

ಸ್ವಲ್ಪ ಹೊತ್ತಿಗೆ ಸುಗಂಧಿ ಇಣುಕಿದಳು. ತಾಯಿ ಮಗು ಇಬ್ಬರಿಗೂ ಜೊಂಪು ಹತ್ತಿತ್ತು. ಮಗುವಿನ ಪಾದ ಮುಟ್ಟಿ ನೋಡಿದಳು. ಕಾಲುಚೀಲದೊಳಗೂ ತಣ್ಣಗಿತ್ತು.

ಕ್ಷಮಾ ಹುಟ್ಟಿದಾಗ ಕುಂದಾಪುರದ ಮನೆಯಲ್ಲಿ ಸುಗಂಧಿಯ ತಾಯಿ ಬಾಣಂತನ ಮುಗಿಯುವ ತನಕ ಮಂಚದಡಿ ಕೆಂಡದ ಪಾತ್ರೆ ಆರಲು ಬಿಟ್ಟಿರಲಿಲ್ಲ. ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಬಾಣಂತಿಯನ್ನೂ ಮಗುವನ್ನೂ ಬೆಚ್ಚಗೆ ಇಟ್ಟಿದ್ದಳು. ಇಬ್ಬರಿಗೂ ಏನಾಗಿತ್ತು? ಒಂದು ಸೀನು ಸಹ ಬಂದಿರಲಿಲ್ಲ. ಹೊಗೆ ಬೇಡ ಎಂದಳಲ್ಲವೇ ಮಗಳು, ಸರಿ. ಪೂರ್ತಿ ಉರಿದ ಗೆರಟೆಯ ಕೆಂಡದಲ್ಲಿ ಹೊಗೆ ಎಲ್ಲಿಂದ ಬರಬೇಕು?

ಬರುವಾಗ ತಂದಿದ್ದ ಮಿಷ್ಟಿ ದೊಯಿಯ, ಅಂದರೆ ಸಿಹಿ ಮೊಸರಿನ, ಮಣ್ಣಿನ ಕುಡಿಕೆ ಖಾಲಿಯಾಗಿತ್ತು. ಅದರಲ್ಲಿ ಬೂದಿ ಹಾಸಿ, ಕೆಂಡ ತುಂಬಿದಳು. ಹೊಗೆಯಾಡುತ್ತಿದ್ದ ಒಂದೆರಡು ತುಂಡನ್ನು ಆರಿಸಿ ಹೊರಗೆಸೆದಳು. ಮೂಗಿನ ಹತ್ತಿರ ಹಿಡಿದು ನೋಡಿದಳು, ವಾಸನೆಯೂ ಇಲ್ಲ. ಟೆಂಟಿನ ಮೂಲೆಯಲ್ಲಿ, ಬಟ್ಟೆಗೆ ತಾಗದ ಹಾಗೆ, ಉರುಳದ ಹಾಗೆ ಸುತ್ತ ಇಟ್ಟಿಗೆ ಚೂರು ಒತ್ತಿ ಇಟ್ಟಳು. ಕ್ಷಮಾ ಕಂಡರೆ ಸುಮ್ಮನೆ ತಲೆ ತಿನ್ನುತ್ತಾಳೆಂದು ಮುಂದೆ ಸೂಟ್‌ಕೇಸು ಸರಿಸಿದಳು. ಸೊಳ್ಳೆ ಬಾರದಂತೆ ಜಿಪ್ಪನ್ನು ಕೊನೆಯ ತನಕ ಎಳೆದಳು. ಹೊರಬರುವಾಗ ಅವಳ ಮನಸ್ಸು ಹಗುರವಾಗಿತ್ತು.

ಕೋಳಿ ಅರ್ಧ ಬೆಂದಿತ್ತು. ಟೆಂಟಿನ ಜಿಪ್ಪು ಸರಿದು ಕ್ಷಮಾ ಹಣೆ ಒತ್ತಿಕೊಳ್ಳುತ್ತ ಹೊರಗೆ ಬಂದಳು. ಕಾಲು ಕೊಂಚ ತಡವರಿಸುತ್ತಿತ್ತು.

"ತಲೆ ಸಿಡೀತಾ ಉಂಟು. ವಾಂತಿ ಬರುವ ಹಾಗೆ ಆಗ್ತದೆ."

"ದಿನವಿಡೀ ಆ ಕಂಪ್ಯೂಟರ್ ನೋಡಿದವರಿಗೆ ತಲೆನೋವು ಬಾರದೆ ಮತ್ತೆಂತ ಬರ್ತದೆ?" ಎಂದರು ಶೆಟ್ಟರು.

"ನಾನೀಗ ರಜೆಯಲ್ಲಿದ್ದೇನೆ ಪಪ್ಪಾ."

ಸುಗಂಧಿ ಎದ್ದು ಮಗಳ ಹಣೆಗೆ ಬಾಮು ತಿಕ್ಕಿದಳು. "ಶೀತ ತಲೆಗೆ ಏರಿದೆ. ಒಳಗೆ ಹೋಗಿ ಬೆಚ್ಚಗೆ ಮಲಗು ಮಗಾ. ಊಟಕ್ಕೆ ನಾನೇ ಕರೀತೇನೆ."

"ಇಲ್ಲಿ ಹೊರಗೆ ಸ್ವಲ್ಪ ಬೆಟರ್ ಅನ್ನಿಸ್ತದೆ ಅಮ್ಮ. ಇಲ್ಲೇ ಕೂತ್ಕೊಳ್ತೇನೆ."

"ಬೇಡ. ಇಬ್ಬನಿ ಬೀಳ್ತಾ ಉಂಟು. ಇನ್ನೂ ಹಸಿ ಮೈ ನಿಂದು, ನಾಳೆ ಜ್ವರ ಬಂದ್ರೆ ಮಗುವಿಗೆ ಯಾರು ಹಾಲು ಕೊಡುದು?"

ಮಗುವಿನ ಹೆಸರು ತೆಗೆದರೆ ಯಾವ ತಾಯಿ ಎದುರಾಡುತ್ತಾಳೆ? ಕ್ಷಮಾ ಸುಮ್ಮನೆ ಎದ್ದಳು. ತಾಯಿಯ ಭುಜ ಹಿಡಿದುಕೊಂಡೇ ಟೆಂಟಿನ ತನಕ ನಡೆದಳು. ಮಲಗಿದ ಕೂಡಲೇ ಕಣ್ಣು ಮುಚ್ಚಿದಳು. ಸುಗಂಧಿ ಕುಡಿಕೆ ನೋಡಿದರೆ ಕೆಂಡದ ಮೇಲೆ ಬೂದಿ ಕಟ್ಟಿತ್ತು. ಪಾಪ, ಬೆಚ್ಚಗೆ ಸಾಲದೆ ಹೀಗಾಯಿತು ಎಂದುಕೊಂಡಳು. ಒಲೆಯಿಂದ ಇನ್ನಷ್ಟು ಕೆಂಡ ತಂದು ಕುಡಿಕೆಯ ಕಂಠದ ತನಕ ತುಂಬಿಸಿ, ಮತ್ತೆ ಜಿಪ್ಪು ಎಳೆದಳು.

ಕೋಳಿ ಬೆಂದಿತು. ಅದನ್ನಿಳಿಸಿ ಅನ್ನಕ್ಕೆ ಇಟ್ಟಳು. ಪಕ್ಕದ ತೋಟದವರು ಲಾರಿ ಹತ್ತುವ ಮೊದಲು ಮೈಕಿನ ಕಿವಿ ಹಿಂಡಿದ ಹಾಗೆ ಸದ್ದು ಏರಿಸಿದರು. ಹೊಟ್ಟೆಯೊಳಗೆ ತಮಟೆ ಬಡಿದಂತೆ ಆಗುತ್ತಿತ್ತು. ಅದರ ಮೇಲೆ ಪಟಾಕಿ ಬೇರೆ ಹಚ್ಚಿದರು.

"ಪಾಪು ಏಳ್ತದೆ ಈಗ," ಎಂದು ವಿಖ್ಯಾತ್ ಎದ್ದ.

"ಕೂತ್ಕೊಳ್ಳಿ ವಿಖ್ಯಾತ್. ಅಳು ಕೇಳಿಸ್ತದಾ? ಇಲ್ಲ ಅಲ್ವಾ?" ಸುಗಂಧಿಯ ಮುಖ ಅರಳಿತ್ತು. "ಮಗುವನ್ನು ಬೆಚ್ಚಗೆ ಮಲಗಿಸ್ಲಿಕ್ಕೆ ಗೊತ್ತಿದ್ರೆ ಭೂಮಿ ಬಿರಿದ್ರೂ ಏಳುದಿಲ್ಲ. ನಿಮ್ಮ ಶಿಶುವಿಹಾರದವರಿಗೆ ಇದು ಬರ್ತದಾ ಕೇಳಿ ನೋಡಿ."

ವಿಖ್ಯಾತ್ ನಕ್ಕು ಕೂತ. "ಸೋಮವಾರ ನಿಮ್ಮಲ್ಲೇ ಬಿಡುವ ಅತ್ತೆ. ಕ್ಷಮಾಳ ಹತ್ರ ನಾನು ಮಾತಾಡ್ತೇನೆ."

ಸುಗಂಧಿಗೆ ಸ್ವರ್ಗಕ್ಕೆ ಮೂರೇ ಗೇಣು. ಅನ್ನದ ಗಂಜಿನೀರು ಬಾಗಿಸಿ, ತಟ್ಟೆ ಹಾಕಿದಳು. ಮಗಳಿಗೆಂದು ಕೋಳಿಯ ಮೆತ್ತನೆಯ ತುಂಡು ಆರಿಸಿ ಬೇರೆ ಇಟ್ಟಳು.

"ಕ್ಷಮಾ, ಊಟಕ್ಕೆ ಬಾ."

ಉತ್ತರವಿಲ್ಲ. ಇನ್ನೊಮ್ಮೆ ಕರೆದಳು. ಲಾರಿ ಹೋಗಿಯಾಗಿತ್ತು, ಮೈಕು ನಿಂತಿತ್ತು, ನದಿಯ ನೀರು ಮೆಟ್ಟಿಲಿಗೆ ಬಡಿಯುವುದೂ ಕೇಳುವಷ್ಟು ಮೌನ. ಆ ಮೌನದಲ್ಲಿ ಸುಗಂಧಿಗೆ ಮೊದಲ ಬಾರಿ ಏನೋ ಸರಿಯಿಲ್ಲ ಅನ್ನಿಸಿತು. ಮಗು ಹಾಲಿಗೆ ಏಳುವ ಹೊತ್ತು ಮೀರಿಹೋಗಿತ್ತಲ್ಲ.

ಜಿಪ್ಪು ತೆರೆದಳು. ಬಿಸಿ ಗಾಳಿ ಮುಖಕ್ಕೆ ರಾಚಿತು. ಕ್ಷಮಾ ಒಂದು ಪಕ್ಕಕ್ಕೆ ಹೊರಳಿದ್ದಳು, ಬಾಯಿಯಿಂದ ವಾಂತಿ ಇಳಿದು ದಿಂಬು ನೆನೆದಿತ್ತು. ಮಗುವಿನ ಕೆನ್ನೆ ಕೆಂಪಗೆ, ಬಲು ಚಂದ ಕೆಂಪಗಿತ್ತು. ಎತ್ತಿಕೊಂಡರೆ ಕೈಯೂ ತಲೆಯೂ ಜೋತುಬಿದ್ದವು. ಸುಗಂಧಿ ಕೂಗಿದ ಕೂಗಿಗೆ ಮಾವ ಅಳಿಯ ತಟ್ಟೆ ಚೆಲ್ಲಿ ಓಡಿಬಂದರು.

ಎಳೆದು ಹೊರಗೆ ಹಾಕಿದ ಮೇಲೆ ಕ್ಷಮಾ ಒಮ್ಮೆ ನರಳಿದಳು. ಮಗುವಿನದು ಉಸಿರಿದೆಯೋ ಇಲ್ಲವೋ ಎಂಬಷ್ಟು ಉಸಿರು. ಇಬ್ಬರನ್ನೂ ಕಾರಿಗೆ ತುಂಬಿಸಿದರು. ಒಲೆ ಉರಿಯುತ್ತಲೇ ಉಳಿಯಿತು. ದಾರಿಯುದ್ದಕ್ಕೂ ಸುಗಂಧಿ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟುಕೊಂಡು ಕೂತಿದ್ದಳು. ಕುಡಿಕೆಯ ಸುದ್ದಿ ನಾಲಗೆಯ ತುದಿಗೆ ಬಂದು ಬಂದು ಒಳಗೆ ಹೋಗುತ್ತಿತ್ತು. ಕೆಂಡದಿಂದ ಹೀಗಾಗುವುದುಂಟೇ, ಹೊಗೆಯೇ ಇರಲಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಮುಖ್ಯರಸ್ತೆಯಲ್ಲಿ ಮೊದಲು ಕಂಡ ನರ್ಸಿಂಗ್ ಹೋಮಿಗೆ ನುಗ್ಗಿದರು. ಡ್ಯೂಟಿಯಲ್ಲಿದ್ದ ಡಾಕ್ಟರು ಮಗುವಿನ ರೆಪ್ಪೆ ಬಿಡಿಸಿ ನೋಡುತ್ತ ಹಿಂದಿಯಲ್ಲಿ ಕೇಳಿದರು, ಇಬ್ಬರೂ ಏನು ತಿಂದಿದ್ದರು?

"ಎದೆಹಾಲಿನ ಜೊತೆ ಪಾಪು ಡಬ್ಬಿ ಹಾಲೂ ಕುಡಿದಿತ್ತು. ಡಬ್ಬಿ ಇವತ್ತೇ ಒಡೆದದ್ದು," ಎಂದ ವಿಖ್ಯಾತ್. "ಅದನ್ನೇ ನನ್ನ ಹೆಂಡತಿಯೂ ರುಚಿ ನೋಡಿದ್ದಳು."

ಡಾಕ್ಟರು ನರ್ಸಿಗೆ ಹೊಟ್ಟೆ ತೊಳೆಯುವ ನಳಿಕೆ ತರಲು ಹೇಳಿದರು. ಆಮೇಲೆ ಏನೋ ನೆನಪಾದವರ ಹಾಗೆ ತಲೆಯೆತ್ತಿ, ಮಲಗಿದ್ದ ಜಾಗದಲ್ಲಿ ಬೆಂಕಿ, ಇದ್ದಿಲು ಏನಾದರೂ ಇತ್ತೇ ಎಂದರು.

"ಇಲ್ಲವೇ ಇಲ್ಲ. ನಮ್ಮ ಅತ್ತೆ ಇದ್ದರು, ಅವರು ಬಹಳ ಜಾಗ್ರತೆ. ಹೊಗೆ ಹಾಕುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ, ಮಗುವಿನ ಹತ್ತಿರ ಇವತ್ತು ಊದುಕಡ್ಡಿ ಕೂಡ ಹಚ್ಚಿಲ್ಲ."

ನರ್ಸು ನಳಿಕೆ ತಂದಳು. ಹೇಳಿದರೆ ಮೊಮ್ಮಗಳು ಕೈಬಿಟ್ಟು ಹೋಗುತ್ತಾಳೆ, ಅದು ಸುಗಂಧಿಗೆ ಸೂರ್ಯನಷ್ಟು ಸ್ಪಷ್ಟವಿತ್ತು. ಹೇಳದಿದ್ದರೆ ಮೊಮ್ಮಗಳೇ ಇರುವುದಿಲ್ಲ. ಅವಳು ಮುಂದೆ ಬಂದು ಡಾಕ್ಟರ ತೋಳನ್ನೇ ಹಿಡಿದುಕೊಂಡಳು.

"ಇತ್ತು. ಕೆಂಡ ಇತ್ತು. ನಾನು ಇಟ್ಟದ್ದು." ಅವರಿಗೆ ಅರ್ಥವಾಗಲಿಲ್ಲವೆಂದು ತಿಳಿದು, ಸಂತೆಯಲ್ಲಿ ಕಲಿತ ಮುರುಕು ಹಿಂದಿಯಲ್ಲಿ ಮತ್ತೆ ಹೇಳಿದಳು. "ಟೆಂಟ್ ಕೆ ಅಂದರ್ ಆಗ್ ಥಾ. ಕೋಯ್ಲಾ. ಮೈನೇ ರಖಾ."

ಡಾಕ್ಟರು ನಳಿಕೆ ಎಸೆದು ಆಕ್ಸಿಜನ್ ಎಂದು ಕೂಗಿದರು. ವಿಖ್ಯಾತ್ ಅತ್ತೆಯ ಮುಖ ನೋಡಿದ. ಅವಳನ್ನು ದಾಟಿ ಮಗುವಿನ ಮಂಚದ ಹತ್ತಿರ ಹೋದ. ಬಯ್ದಿದ್ದರೆ ಎಷ್ಟೋ ವಾಸಿ ಇತ್ತು.

ಕೆಂಡದಿಂದ ಏಳುವ ವಿಷದ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಜಾಗದಲ್ಲಿ ನಿದ್ದೆಯಲ್ಲೇ ಕೊಲ್ಲುತ್ತದೆ ಎಂದು ಡಾಕ್ಟರು ಶೆಟ್ಟರಿಗೆ ವಿವರಿಸುತ್ತಿದ್ದರು. ಸುಗಂಧಿ ಗೋಡೆಗೊರಗಿ ಕೇಳಿಸಿಕೊಂಡಳು. ಹಾಗಾದರೆ ಅಂದು ಕುಂದಾಪುರದ ಬಾಣಂತನದಲ್ಲಿ ತಾನೂ ಕ್ಷಮಾಳೂ ಹೇಗೆ ಉಳಿದೆವು? ಆಗ ಅವಳಿಗೆ ಹೊಳೆಯಿತು. ಆ ಮನೆಗೆ ಹೆಂಚಿನ ಮಾಡು. ಹೆಂಚಿನ ಸಂದಿಯಿಂದ ಬೆಳಗ್ಗೆ ಬಿಸಿಲಿನ ಕೋಲುಗಳು ಮಂಚದ ಮೇಲೆ ಬೀಳುತ್ತಿದ್ದವು. ಬಾಗಿಲು ಕಿಟಕಿ ಮುಚ್ಚಿದರೂ ಮಾಡು ಉಸಿರಾಡುತ್ತಿತ್ತು. ಇದನ್ನು ಅವಳ ತಾಯಿ ಹೇಳಿರಲಿಲ್ಲ, ತಾಯಿಗೂ ಗೊತ್ತಿರಲಿಕ್ಕಿಲ್ಲ.

ಬಹಳ ಹೊತ್ತಿನ ಮೇಲೆ ಮಗು ಅತ್ತಿತು. ಬೆಕ್ಕಿನ ಮರಿಯಂಥ ದನಿ. ಶೆಟ್ಟರು ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡರು. ಜೀವಕ್ಕೆ ಸದ್ಯ ಭಯವಿಲ್ಲ, ಮೆದುಳಿಗೆ ಪೆಟ್ಟು ಬಿದ್ದಿದೆಯೋ ಇಲ್ಲವೋ ಈಗಲೇ ಹೇಳಲಾಗದು, ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು ಎಂದರು ಡಾಕ್ಟರು. ಆಂಬುಲೆನ್ಸ್ ಕರೆಯಲು ವಿಖ್ಯಾತ್ ಹೊರಗೋಡಿದ.

ಪಕ್ಕದ ಮಂಚದಲ್ಲಿ ಕ್ಷಮಾಳಿಗೆ ಎಚ್ಚರವಾಗಿತ್ತು, ಡಾಕ್ಟರ ಮಾತು ಅವಳ ಕಿವಿಗೂ ಬಿದ್ದಿತ್ತು. ಅವಳು ತನ್ನ ಮುಖದ ಮಾಸ್ಕನ್ನು ಕೊಂಚ ಸರಿಸಿ ತಾಯಿಯನ್ನು ನೋಡಿದಳು.

"ಕೆಂಡ ಎಷ್ಟು ಸಲ ಇಟ್ಟಿ?"

"ಎರಡು ಸಲ ಮಗಾ."

"ನಾನು ತಲೆನೋವು ಅಂತ ಹೊರಗೆ ಬಂದೆನಲ್ಲ. ಅದಾದ್ಮೇಲೂ?"

"ಹೌದು," ಎಂದಳು ಸುಗಂಧಿ. "ಚಳಿ ಅಂತ ಎಣಿಸಿದೆ."

ಕ್ಷಮಾ ಮಾಸ್ಕನ್ನು ಮೊದಲಿನ ಹಾಗೆ ಇಟ್ಟುಕೊಂಡು ಮಗುವಿನ ಕಡೆ ತಿರುಗಿದಳು.

ಮಗುವಿನ ಪುಟ್ಟ ಮುಖಕ್ಕೆ ಮಾಸ್ಕು ನಿಲ್ಲುತ್ತಿರಲಿಲ್ಲ. ನರ್ಸು ಕೈಯಲ್ಲೇ ಒತ್ತಿ ಹಿಡಿದಿದ್ದಳು. ಆಚೆ ಕೋಣೆಯಿಂದ ಯಾರೋ ಕರೆದರು. ಸ್ವಲ್ಪ ಹೊತ್ತು ಹೀಗೇ ಹಿಡಿದುಕೊಳ್ಳಿ ಮಾಸಿಮಾ ಎಂದು ನರ್ಸು ಸುಗಂಧಿಯನ್ನು ಕರೆದಳು. ಸುಗಂಧಿ ಸೆರಗಿನಲ್ಲಿ ಕೈ ಒರೆಸಿಕೊಂಡು, ಎರಡೂ ಕೈ ಚಾಚಿ ಮುಂದೆ ಬಂದಳು.

"ಸಿಸ್ಟರ್, ಇವರು ಬೇಡ," ಎಂದಳು ಕ್ಷಮಾ ಹಿಂದಿಯಲ್ಲಿ, ಮಾಸ್ಕಿನೊಳಗಿಂದಲೇ. "ನೀವೇ ಹಿಡಿಯಿರಿ."

ನರ್ಸು ಇಬ್ಬರ ಮುಖವನ್ನೂ ನೋಡಿ ಅಲ್ಲೇ ನಿಂತಳು. ಸುಗಂಧಿ ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಳು. ಮಗಳು ಹೇಳಿದ್ದರಲ್ಲಿ ತಪ್ಪಿಲ್ಲವೆಂದು ಅವಳಿಗೇ ಅನ್ನಿಸಿತು. ಅವಳು ಬಾಗಿಲ ಹತ್ತಿರ ಹೋಗಿ, ಮಗುವಿನ ಪಾದಗಳಷ್ಟೇ ಕಾಣುವ ಜಾಗದಲ್ಲಿ ನಿಂತುಕೊಂಡಳು.